ಬಲಗಡೆಯ ಕಾರ್ಬ್ಯುರೇಟರ್ ಕೆಳಗಿನ ಕಲೆ: ಹವ್ಯಾಸಿ ಪೈಲಟ್‌ಗಳ ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಸದಸ್ಯರೆಲ್ಲರಿಗೂ ನಮಸ್ಕಾರ. ಸಣ್ಣ ವಿಮಾನವನ್ನು ಹವ್ಯಾಸಕ್ಕಾಗಿ ಇಟ್ಟುಕೊಂಡವರ ಮತ್ತು ಇಟ್ಟುಕೊಳ್ಳುವ ಆಸೆಯುಳ್ಳವರ ಪ್ರಶ್ನೆಗಳಿಗೆ ನಮ್ಮ ಗುಂಪಿನ ಹಿರಿಯ ವಿಮಾನ ನಿರ್ವಹಣಾ ಇಂಜಿನಿಯರ್ ಇಂದು ಉತ್ತರಿಸಲು ಒಪ್ಪಿದ್ದಾರೆ. ಮೂವತ್ತೊಂದು ವರ್ಷ ಲಘು ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸಿದವರು ಅವರು. ಒಬ್ಬರು ಒಂದೇ ಪ್ರಶ್ನೆ ಕೇಳಬೇಕು. ಫಾರ್ವರ್ಡ್ ಸಂದೇಶಗಳನ್ನು ಹಾಕಬಾರದೆಂದು ವಿನಂತಿ.

ಹುಬ್ಬಳ್ಳಿಯ ಸದಸ್ಯ: ಸರ್, ನನಗೆ 19 ವರ್ಷ. ಮೈನಸ್ 2.5 ಕನ್ನಡಕ ಹಾಕುತ್ತೇನೆ. ಖಾಸಗಿ ಪೈಲಟ್ ಲೈಸೆನ್ಸ್ ಸಿಗುತ್ತದೆಯೇ?

ಇಂಜಿನಿಯರ್: ಕನ್ನಡಕ ಹಾಕಿದಾಗ ದೃಷ್ಟಿ ಸರಿಯಿದ್ದರೆ ಆ ಲೈಸೆನ್ಸಿಗೆ ಬೇಕಾದ ಎರಡನೇ ದರ್ಜೆಯ ವೈದ್ಯಕೀಯ ತಪಾಸಣೆಗೆ ಅದು ಅಡ್ಡಿಯಲ್ಲ. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಮಾತು ಬೇರೆ. ಹಾರುವಾಗ ಇನ್ನೊಂದು ಜೊತೆ ಕನ್ನಡಕ ಕೈಗೆಟಕುವಲ್ಲಿ ಇರಬೇಕು. ಲೈಸೆನ್ಸಿಗೆ 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆಗಳ ಹಾರಾಟ ಆಗಿರಬೇಕು. ಶುಭವಾಗಲಿ.

ದಾವಣಗೆರೆಯ ಸದಸ್ಯರು: ಎರಡು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡು ವರ್ಷವಿಡೀ ಇಟ್ಟುಕೊಳ್ಳಲು ಒಟ್ಟು ಎಷ್ಟು ಖರ್ಚಾಗಬಹುದು ಎಂದು ದಯವಿಟ್ಟು ತಿಳಿಸಿ.

ಬೆಂಗಳೂರಿನ ಸದಸ್ಯರು: ಸರ್, ನನ್ನದು ಎರಡು ಸೀಟಿನ ಮೈಕ್ರೋಲೈಟ್, ಅಂದರೆ ತೀರಾ ಹಗುರವಾದ ವಿಮಾನ. ಬೆಂಗಳೂರಿನ ಜಕ್ಕೂರು ವಿಮಾನನೆಲೆಯ ಹ್ಯಾಂಗರಿನಲ್ಲಿದೆ (ವಿಮಾನ ನಿಲ್ಲಿಸುವ ಶೆಡ್). ಎಂಜಿನ್ 80 ಅಶ್ವಶಕ್ತಿಯ ರೋಟ್ಯಾಕ್ಸ್ 912. ಮಳೆಯ ಕಾರಣ ಆರು ವಾರ ಹಾರಿರಲಿಲ್ಲ. ಟ್ಯಾಂಕಿನಲ್ಲಿ ಅರ್ಧದಷ್ಟು ಬಂಕಿನ ಪೆಟ್ರೋಲ್ ಇತ್ತು. ಕಳೆದ ಗುರುವಾರ ಬೆಳಿಗ್ಗೆ ಹೊರತೆಗೆದೆ. ಹಾರುವ ಮುನ್ನ 4,000 ಆರ್‌ಪಿಎಂನಲ್ಲಿ ಎರಡೂ ಇಗ್ನಿಷನ್ (ಪೆಟ್ರೋಲಿಗೆ ಕಿಡಿ ಕೊಡುವ ವ್ಯವಸ್ಥೆ) ಪರೀಕ್ಷಿಸಿದಾಗ ಏನೂ ತೊಂದರೆ ಕಾಣಲಿಲ್ಲ. ಇಪ್ಪತ್ತು ನಿಮಿಷ ಹಾರಿ, ಇಳಿಯಲೆಂದು ಥ್ರಾಟಲ್ ಕಡಿಮೆ ಮಾಡಿದಾಗ ಎಂಜಿನ್ ಕೆಮ್ಮಿದಂತೆ ನಡುಗಿತು, ಎರಡು ಬಾರಿ ನಿಂತೇ ಹೋಗುವಂತಾಯಿತು. ಹೇಗೋ ಇಳಿದೆ. ನಿಲ್ಲಿಸಿ ಹತ್ತು ನಿಮಿಷದ ನಂತರ ಚಾಲೂ ಮಾಡಿದರೆ ಸರಿಯಾಗಿಯೇ ಓಡಿತು. ಸ್ನೇಹಿತರೆಲ್ಲ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟಿರಬೇಕು ಎನ್ನುತ್ತಾರೆ. ಬಲಗಡೆಯ ಕಾರ್ಬ್ಯುರೇಟರ್ ಕೆಳಗಿನ ತಟ್ಟೆಯಲ್ಲಿ ಕಂದು ಬಣ್ಣದ ಕಲೆಯೊಂದಿದೆ. ಅದು ಹಳೆಯದಿರಬಹುದು. ಈ ಶನಿವಾರ ಹಾರಬಹುದೇ?

ಇಂಜಿನಿಯರ್: ಹಾರಬೇಡಿ. ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಸ್ನೇಹಿತರು ಹೇಳಿದ್ದು ಅಸಾಧ್ಯವಾದ ಮಾತಲ್ಲ. ಪೆಟ್ರೋಲ್ ಆವಿಯಾಗುವಾಗಲೂ, ಗಾಳಿ ಕಿರಿದಾದ ಕೊರಳಿನಲ್ಲಿ ನುಗ್ಗುವಾಗಲೂ ಕಾರ್ಬ್ಯುರೇಟರ್ ಒಳಗಿನ ಉಷ್ಣತೆ ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಆದ್ದರಿಂದ ಹೊರಗೆ 21 ಡಿಗ್ರಿ ಇರುವ ಬೆಂಗಳೂರಿನ ಮಳೆಗಾಲದ ಮುಂಜಾವು, ಗಾಳಿಯಲ್ಲಿ ತೇವ ತುಂಬಿರುವಾಗ, ಥ್ರಾಟಲ್ ಕಡಿಮೆ ಮಾಡಿ ಇಳಿಯುವ ಆ ಕೆಲವು ನಿಮಿಷ, ಮಂಜುಗಡ್ಡೆ ಕಟ್ಟಲು ಹೇಳಿ ಮಾಡಿಸಿದ ಸಮಯ. ಇಳಿದ ಮೇಲೆ ಎಂಜಿನ್ನಿನ ಬಿಸಿಗೆ ಅದು ಕರಗಿ, ಏನೂ ಆಗದಂತೆ ಮತ್ತೆ ಓಡುವುದೂ ನಿಜ.

ಆದರೆ ಮಂಜುಗಡ್ಡೆ ಕರಗಿದರೆ ನೀರಾಗುತ್ತದೆ, ಆರುತ್ತದೆ, ಕಂದು ಕಲೆಯನ್ನು ಬಿಡುವುದಿಲ್ಲ. ತಟ್ಟೆಯ ಮೇಲೆ ಉಳಿಯುವ ಕಂದು ಕಲೆ ಪೆಟ್ರೋಲ್ ಉಕ್ಕಿ ಆರಿದ ಗುರುತು. ನೀವು ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ ಬರೆದ ಆ ಒಂದು ವಾಕ್ಯವೇ ನನ್ನನ್ನು ಕಾಡುತ್ತಿರುವುದು. ನನಗೆ ಮೂರು ವಿಷಯ ತಿಳಿಯಬೇಕು. ಕಲೆಯನ್ನು ಒರೆಸಿ, ಎಂಜಿನ್ ಐದು ನಿಮಿಷ ಓಡಿಸಿದರೆ ಅದು ಮತ್ತೆ ಬರುತ್ತದೆಯೇ? ಟ್ಯಾಂಕಿನ ತಳದ ಡ್ರೈನ್‌ನಿಂದ ಗಾಜಿನ ಲೋಟಕ್ಕೆ ಹಿಡಿದ ಪೆಟ್ರೋಲ್ ಹೇಗೆ ಕಾಣುತ್ತದೆ? ರಬ್ಬರ್ ಹೋಸ್‌ಗಳನ್ನು ಯಾವ ವರ್ಷ ಬದಲಿಸಿದ್ದೀರಿ? ಓಡಿಸುವಾಗ ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ, ಹ್ಯಾಂಗರಿನ ಹೊರಗೆ ಓಡಿಸಿ.

ಶಿವಮೊಗ್ಗದ ಸದಸ್ಯೆ: ಸರ್, ನನಗೂ ಕನ್ನಡಕ ಇದೆ, ಮೈನಸ್ 3. ಅರ್ಜಿ ಹಾಕಬಹುದೇ?

ಇಂಜಿನಿಯರ್: ಮೇಲಿನ ಉತ್ತರವನ್ನೇ ಓದಿಕೊಳ್ಳಿ.

ತುಮಕೂರಿನ ಸದಸ್ಯರು: ಬೆಂಗಳೂರಿನವರ ತೊಂದರೆಗೆ ಬಂಕಿನ ಪೆಟ್ರೋಲಿಗೆ ಬೆರೆಸುವ ಎಥನಾಲ್ (ಕಬ್ಬು ಮುಂತಾದವುಗಳಿಂದ ಮಾಡುವ ಆಲ್ಕೋಹಾಲ್) ಕಾರಣ. ಇನ್ನೊಂದು ಗುಂಪಿನಲ್ಲಿ ಬಂದ ಪರಿಹಾರವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ: «ಹತ್ತು ಲೀಟರ್ ಬಂಕಿನ ಪೆಟ್ರೋಲಿಗೆ ಎರಡು ಲೀಟರ್ ನೀರು ಹಾಕಿ ಕ್ಯಾನಿನಲ್ಲಿ ಚೆನ್ನಾಗಿ ಕುಲುಕಿ. ಅರ್ಧ ಗಂಟೆ ಬಿಡಿ. ಎಥನಾಲ್ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಮೇಲೆ ಉಳಿದದ್ದು ಶುದ್ಧ ವಿಮಾನದ ಪೆಟ್ರೋಲ್.»

ಇಂಜಿನಿಯರ್: ಇದನ್ನು ಯಾರೂ ಮಾಡಬಾರದು. ಮಾಡಿದವರು ಈ ಗುಂಪಿನಲ್ಲಿದ್ದರೆ, ಆ ಪೆಟ್ರೋಲ್ ಹಾಕಿದ ವಿಮಾನವನ್ನು ಮುಟ್ಟಬೇಡಿ.

ಎಥನಾಲ್ ನೀರಿನೊಂದಿಗೆ ಕೆಳಗಿಳಿಯುವುದು ನಿಜ. ಆದರೆ ಆ ಪೆಟ್ರೋಲಿನ ಆಕ್ಟೇನ್‌ನಲ್ಲಿ, ಅಂದರೆ ಅಕಾಲದಲ್ಲಿ ಸಿಡಿಯದೆ ಉರಿಯುವ ಗುಣದಲ್ಲಿ, ಒಂದು ಪಾಲು ಎಥನಾಲ್‌ನಿಂದಲೇ ಬಂದಿರುತ್ತದೆ, ಅದನ್ನು ತೊಳೆದು ತೆಗೆದರೆ ಆಕ್ಟೇನ್ ಕುಸಿಯುತ್ತದೆ. 80 ಅಶ್ವಶಕ್ತಿಯ 912ಕ್ಕೆ ಕನಿಷ್ಠ 90, 100 ಅಶ್ವಶಕ್ತಿಯದಕ್ಕೆ ಕನಿಷ್ಠ 95 ಆಕ್ಟೇನ್ ಬೇಕು. ಅದಕ್ಕಿಂತ ಕಡಿಮೆಯದನ್ನು ಹಾಕಿ ಪೂರ್ತಿ ಥ್ರಾಟಲ್ ಕೊಟ್ಟರೆ ಸಿಲಿಂಡರಿನೊಳಗೆ ಸ್ಫೋಟದಂತೆ ಉರಿದು ಪಿಸ್ಟನ್ ತೂತಾಗುತ್ತದೆ. ಅದು ಆಗುವುದು ಟೇಕಾಫ್‌ನಲ್ಲಿ, ಮರಗಳ ಎತ್ತರದಲ್ಲಿ. ಸಾಲದೆಂಬಂತೆ ಕುಲುಕಿದ ಪೆಟ್ರೋಲಿನಲ್ಲಿ ಕಣ್ಣಿಗೆ ಕಾಣದ ನೀರಿನ ಹನಿಗಳು ತೇಲುತ್ತಿರುತ್ತವೆ. ಮನೆಯಲ್ಲಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಕುಲುಕುವುದರಿಂದ ಹುಟ್ಟುವ ಕಿಡಿಯ ಅಪಾಯವನ್ನು ನಾನು ಬೇರೆ ಹೇಳಬೇಕಿಲ್ಲ.

ನೀರು ಬಳಸಬೇಕಾದದ್ದು ಪರೀಕ್ಷೆಗೆ ಮಾತ್ರ. ಅಳತೆ ಗೆರೆಯುಳ್ಳ 100 ಮಿಲಿ ಗಾಜಿನ ಕೊಳವೆಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಕುಲುಕಿ ಇಡಿ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರಕ್ಕೆ ಏರಿದರೆ ಅದು ಶೇ 20ರ ಪೆಟ್ರೋಲ್. ಈ ಎಂಜಿನ್ನಿಗೆ ತಯಾರಕರು ಒಪ್ಪಿರುವುದು ಶೇ 10ರವರೆಗೆ ಮಾತ್ರ. ಪರೀಕ್ಷಿಸಿದ ಪೆಟ್ರೋಲನ್ನು ಟ್ಯಾಂಕಿಗೆ ಹಾಕಬೇಡಿ.

ತುಮಕೂರಿನ ಸದಸ್ಯರು: ನಾನು ಒಳ್ಳೆಯ ಉದ್ದೇಶದಿಂದ ಹಾಕಿದ್ದು, ಸರ್.

ಇಂಜಿನಿಯರ್: ಉದ್ದೇಶ ಒಳ್ಳೆಯದೇ ಇರಬಹುದು. ಆ ಸಂದೇಶವನ್ನು ಅಳಿಸಿ. ಎಲ್ಲಿಂದ ಬಂತೋ ಅಲ್ಲಿಯೂ ತಪ್ಪೆಂದು ತಿಳಿಸಿ.

ಮೈಸೂರಿನ ಸದಸ್ಯರು: ಎಲ್ಲದಕ್ಕೂ ಮೂಲ ಎಥನಾಲ್ ಬೆರೆಸುವ ನೀತಿ. ಗ್ರಾಹಕರನ್ನು ಕೇಳದೆ ಬಂಕುಗಳಲ್ಲಿ ಶೇ 20 ಬೆರೆಸಿದ್ದನ್ನೇ ಮಾರುತ್ತಿದ್ದಾರೆ.

ಮಂಡ್ಯದ ಸದಸ್ಯರು: ಸ್ವಾಮಿ, ನಮ್ಮ ಕಬ್ಬಿನ ಬಾಕಿ ಹಣ ಬೇಗ ಬರಲು ಆ ಎಥನಾಲೇ ಕಾರಣವೆಂಬುದನ್ನೂ ತಿಳಿದುಕೊಳ್ಳಿ. ವಿಮಾನ ಇಟ್ಟುಕೊಂಡಿರುವ ನಾಲ್ಕು ಜನರಿಗಾಗಿ ರೈತರು ಬಾಯಿಗೆ ಮಣ್ಣು ಹಾಕಿಕೊಳ್ಳಬೇಕೇ?

ಮೈಸೂರಿನ ಸದಸ್ಯರು: ರೈತರ ಹೆಸರು ಹೇಳಿ ಮಾತು ತಿರುಗಿಸಬೇಡಿ. ನಾನು ಕೇಳುತ್ತಿರುವುದು ಎಥನಾಲ್ ಇಲ್ಲದ ಪೆಟ್ರೋಲೂ ಒಂದು ಪಂಪಿನಲ್ಲಿ ಸಿಗಲಿ ಎಂದು ಮಾತ್ರ.

ಮಂಡ್ಯದ ಸದಸ್ಯರು: ವಿಮಾನದ ಪೆಟ್ರೋಲ್ ಇದೆಯಲ್ಲ, ಕೊಳ್ಳಿ. ಹವ್ಯಾಸ ನಿಮ್ಮದು, ಖರ್ಚೂ ನಿಮ್ಮದೇ ಆಗಲಿ. ನನಗೂ ಹಾರುವ ಆಸೆಯಿದೆ, ಅದಕ್ಕೇ ಈ ಗುಂಪಿನಲ್ಲಿದ್ದೇನೆ. ಬೆಳೆಯುವವನನ್ನು ಬೈದು ಹಾರಲಾರೆ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಇಂಜಿನಿಯರ್: ಮಂಡ್ಯದವರು ಹೇಳಿದ ಒಂದು ಮಾತು ಸರಿ, ವಿಮಾನದ ಪೆಟ್ರೋಲ್ ಇದೆ: 100 ಎಲ್‌ಎಲ್ ಎಂಬ ಕಡಿಮೆ ಸೀಸದ ಆ ಪೆಟ್ರೋಲ್ ಈಗ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಇಂಡಿಯನ್ ಆಯಿಲ್ 2022ರಲ್ಲಿ ಅದನ್ನು ಹೊರತಂದಿತು. ಅದರಲ್ಲಿ ಸೀಸವಿದೆ. 912ರಲ್ಲಿ ಅದನ್ನೇ ಬಳಸುವವರು ಎಂಜಿನ್ ಆಯಿಲನ್ನು 50 ಗಂಟೆಗೆ ಬದಲಾಗಿ 25 ಗಂಟೆಗೊಮ್ಮೆ ಬದಲಿಸಬೇಕು, ಪೂರ್ತಿ ಸಿಂಥೆಟಿಕ್ ಆಯಿಲ್ ಹಾಕಬಾರದು. ಅಂತಹ ಆಯಿಲ್ ಸೀಸವನ್ನು ತನ್ನಲ್ಲಿ ತೇಲಿಸಿ ಇಟ್ಟುಕೊಳ್ಳದೆ ಕೆಸರಾಗಿ ಬಿಡುತ್ತದೆ.

ಹ್ಯೂಸ್ಟನ್‌ನಲ್ಲಿರುವ ಸದಸ್ಯರು: ಇಂಜಿನಿಯರ್ ಸಾಹೇಬರೇ, ಗೌರವದಿಂದಲೇ ಹೇಳುತ್ತೇನೆ, ಇದು ಮಂಜುಗಡ್ಡೆಯೇ. ನನ್ನ ಸೆಸ್ನಾ 150ರಲ್ಲಿ ಇದೇ ರೀತಿ ಎಷ್ಟೋ ಬಾರಿ ಆಗಿದೆ. ಥ್ರಾಟಲ್ ಇಳಿಸುವ ಮೊದಲೇ ಕಾರ್ಬ್ಯುರೇಟರ್ ಹೀಟ್ ಲಿವರನ್ನು (ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವುದು) ಪೂರ್ತಿ ಎಳೆದರೆ ಮುಗಿಯಿತು.

ಇಂಜಿನಿಯರ್: ನಿಮ್ಮ ಎಂಜಿನ್ ಮಂಜುಗಡ್ಡೆಗೆ ಹೆಸರಾದದ್ದು, ನಿಮ್ಮ ಅಭ್ಯಾಸವೂ ಸರಿಯಾದದ್ದೇ. ಇವರ ಮೈಕ್ರೋಲೈಟ್‌ನಲ್ಲಿ ಆ ಲಿವರ್ ಇದೆಯೇ ಎಂದು ನೀವು ಕೇಳಲಿಲ್ಲ. ಕಲೆಗೆ ಕಾರಣವನ್ನೂ ಹೇಳಲಿಲ್ಲ.

ಹಾಸನದ ಸದಸ್ಯರು: ಏಪ್ರಿಲ್‌ನಲ್ಲಿ ಮಧ್ಯಾಹ್ನ ಜಕ್ಕೂರಿನಿಂದ 95 ಕಿಲೋ ತೂಕದ ಸ್ನೇಹಿತರನ್ನು ಕೂರಿಸಿಕೊಂಡು ಹೊರಟಾಗ ವಿಮಾನ ಏಳಲು ತುಂಬ ತಿಣುಕಾಡಿತು. ದೋಷ ಎಂಜಿನ್ನಿನದೇ?

ಇಂಜಿನಿಯರ್: ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ. ನೀವು ಹಾರಿದ ದಿನ 34 ಇದ್ದಿದ್ದರೆ 25 ಡಿಗ್ರಿ ಹೆಚ್ಚು. ಬಿಸಿ ಗಾಳಿ ಎತ್ತರದ ಗಾಳಿಯಂತೆ ತೆಳುವಾಗುತ್ತದೆ. ಹೆಚ್ಚಾದ ಒಂದೊಂದು ಡಿಗ್ರಿಗೆ 120 ಅಡಿಯಂತೆ ಕೂಡಿಸಿದರೆ ನಿಮ್ಮ ರೆಕ್ಕೆ ಮತ್ತು ಎಂಜಿನ್ ಪಾಲಿಗೆ ಆ ರನ್‌ವೇ 6,000 ಅಡಿ ಎತ್ತರದಲ್ಲಿತ್ತು. ದೋಷ ಎಂಜಿನ್ನಿನದಲ್ಲ. ಬೆಳಿಗ್ಗೆ ಏಳರೊಳಗೆ ಹಾರಿ, ಹೊರಡುವ ಮುನ್ನ ತೂಕ ಕೂಡಿಸಿ ನೋಡಿ.

ದಾವಣಗೆರೆಯ ಸದಸ್ಯರು: ನನ್ನ ಖರ್ಚಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಬೆಂಗಳೂರಿನ ಸದಸ್ಯರು: ಸರ್, ಈಗ ಹ್ಯಾಂಗರಿನಲ್ಲೇ ಇದ್ದೇನೆ. ಕಲೆ ಒರೆಸಿ ಐದು ನಿಮಿಷ ಓಡಿಸಿದೆ. ಬಲಗಡೆಯ ತಟ್ಟೆ ಮತ್ತೆ ಒದ್ದೆಯಾಗಿದೆ, ಎಡಗಡೆಯದು ಒಣಗಿದೆ. ಡ್ರೈನ್‌ನಿಂದ ಹಿಡಿದ ಲೋಟದಲ್ಲಿ ಎರಡು ಪದರ ಕಾಣುತ್ತಿದೆ. ತಳದ್ದು ಅರ್ಧ ಬೆರಳಷ್ಟಿದೆ, ಮಸುಕಾಗಿದೆ, ಅದರಲ್ಲಿ ಕಪ್ಪು ಪುಡಿ ಇದೆ. ಹೋಸ್ ಬದಲಿಸಿದ ವರ್ಷವನ್ನು ಲಾಗ್‌ಬುಕ್‌ನಲ್ಲಿ ನೋಡಬೇಕು.

ಇಂಜಿನಿಯರ್: ಅಂದರೆ ನಿಮಗೆ ಇರುವುದು ಒಂದು ತೊಂದರೆಯಲ್ಲ, ಮೂರು.

ಮೊದಲನೆಯದು ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಅರ್ಧ ಖಾಲಿಯಿದ್ದ ಟ್ಯಾಂಕ್ ಆರು ವಾರ ಮಳೆಗಾಲದ ಗಾಳಿಯನ್ನು ಉಸಿರಾಡಿದೆ. ತಾಳುವಷ್ಟು ನೀರು ಹಿಡಿದ ಮೇಲೆ ಎಥನಾಲೂ ನೀರೂ ಒಟ್ಟಾಗಿ ತಳಕ್ಕೆ ಇಳಿದಿವೆ. ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ಆ ತಳದಿಂದಲೇ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಫಿಲ್ಟರ್ ಬಿಚ್ಚಿ ತೋರಿಸಿ.

ಎರಡನೆಯದು ಆ ಕಪ್ಪು ಪುಡಿ. ಅದು ರಬ್ಬರ್. ಹೋಸ್ ಒಳಗಿನಿಂದ ಉದುರುತ್ತಿದೆ.

ಮೂರನೆಯದು ಒದ್ದೆ ತಟ್ಟೆ. ನಿಮ್ಮ ಎಂಜಿನ್ನಿನ ಎರಡು ಕಾರ್ಬ್ಯುರೇಟರ್‌ಗಳಲ್ಲಿ ಒಂದೊಂದು ಒಂದು ಬದಿಯ ಎರಡು ಸಿಲಿಂಡರುಗಳಿಗೆ ಪೆಟ್ರೋಲ್ ಕೊಡುತ್ತದೆ. ಕೆಳಗಿನ ಬಟ್ಟಲಿನಲ್ಲಿ ತೇಲುವ ಎರಡು ಫ್ಲೋಟ್‌ಗಳು ಮೇಲೇರಿ ಸೂಜಿಯನ್ನು ಒತ್ತಿ ಪೆಟ್ರೋಲ್ ನಿಲ್ಲಿಸಬೇಕು. ಫ್ಲೋಟ್ ಪೆಟ್ರೋಲ್ ಹೀರಿ ಭಾರವಾದರೆ ಮುಳುಗುತ್ತದೆ, ಸೂಜಿ ಮುಚ್ಚುವುದಿಲ್ಲ, ಬಟ್ಟಲು ಉಕ್ಕುತ್ತದೆ. ಹೆಚ್ಚು ಆರ್‌ಪಿಎಂನಲ್ಲಿ ಎಂಜಿನ್ ಅದನ್ನೆಲ್ಲ ಕುಡಿದುಬಿಡುವುದರಿಂದ ನಿಮ್ಮ 4,000ದ ಪರೀಕ್ಷೆಯಲ್ಲಿ ಏನೂ ಗೊತ್ತಾಗಲಿಲ್ಲ. ಥ್ರಾಟಲ್ ಇಳಿಸಿದಾಗ ಕುಡಿಯಲಾರದೆ ಕೆಮ್ಮಿತು. ರಬ್ಬರ್ ಪುಡಿ ಸೂಜಿಯ ಕೆಳಗೆ ಸಿಕ್ಕಿಕೊಂಡರೂ ಇದೇ ಆಗುತ್ತದೆ. ಆದ್ದರಿಂದ ಊಹೆ ಬೇಡ, ತೂಗಿ ನೋಡಬೇಕು. ಒಂದು ಕಾರ್ಬ್ಯುರೇಟರಿನ ಎರಡು ಫ್ಲೋಟ್ ಸೇರಿ 7 ಗ್ರಾಂ ಮೀರಬಾರದು. ಸಹಿ ಹಾಕುವ ಅಧಿಕಾರವಿರುವ ಇಂಜಿನಿಯರ್ ಎದುರಿನಲ್ಲೇ ಬಿಚ್ಚಿಸಿ. ಉಕ್ಕಿದ ಪೆಟ್ರೋಲಿಗೂ ಬಿಸಿ ಸೈಲೆನ್ಸರಿಗೂ ನಡುವೆ ಆ ಒಂದು ತಟ್ಟೆ ಮಾತ್ರ ಇದೆ ಎಂಬುದನ್ನು ಮರೆಯಬೇಡಿ.

ಹ್ಯೂಸ್ಟನ್‌ನಲ್ಲಿರುವ ಸದಸ್ಯರು: ಹಾಗಿದ್ದರೂ ಮಂಜುಗಡ್ಡೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಇಂಜಿನಿಯರ್: ನಾನು ತಳ್ಳಿಹಾಕಿಲ್ಲ. ದಯವಿಟ್ಟು ನನ್ನ ಮೊದಲ ಉತ್ತರವನ್ನು ಓದಿ.

ಕಲಬುರಗಿಯ ಸದಸ್ಯ: ಸರ್, ಕನ್ನಡಕ ಇದ್ದವರಿಗೆ ಲೈಸೆನ್ಸ್ ಸಿಗುತ್ತದೆಯೇ?

ಶಿವಮೊಗ್ಗದ ಸದಸ್ಯೆ: ಮೇಲೆ ಓದಿ, ಇದು ಮೂರನೆಯ ಸಲ.

ದಾವಣಗೆರೆಯ ಸದಸ್ಯರು: ಕನ್ನಡಕಕ್ಕೆ ಮೂರು ಸಲ ಉತ್ತರ ಸಿಕ್ಕಿತು. ನಾನು ಎರಡು ಸಲ ಕೇಳಿದ್ದೇನೆ.

ಬೆಂಗಳೂರಿನ ಸದಸ್ಯರು: ಸರ್, ಹ್ಯಾಂಗರಿನ ಇಂಜಿನಿಯರ್ ಬಂದು ಎರಡೂ ಬಟ್ಟಲು ಬಿಚ್ಚಿದರು. ಅಷ್ಟು ಸಣ್ಣ ತೂಕ ತೂಗುವ ತಕ್ಕಡಿ ಇಲ್ಲಿರಲಿಲ್ಲ. ಫ್ಲೋಟ್‌ಗಳನ್ನು ಒರೆಸಿ ಡಬ್ಬಿಯಲ್ಲಿಟ್ಟು ಯಲಹಂಕದ ಚಿನ್ನದ ಅಂಗಡಿಗೆ ಒಯ್ದು ತೂಗಿಸಿದೆವು. ಎಡಗಡೆಯ ಜೋಡಿ 6.3 ಗ್ರಾಂ. ಬಲಗಡೆಯದು 8.4. ಹೋಸ್ ಬದಲಿಸಿದ್ದು 2017ರ ನವೆಂಬರ್ ಎಂದು ಲಾಗ್‌ಬುಕ್‌ನಲ್ಲಿದೆ. ಹೊಸ ಫ್ಲೋಟ್ ಬುಧವಾರ ಸಿಗುತ್ತದಂತೆ. ಹೋಸ್ ಬರಲು ಎರಡು ವಾರ ಬೇಕು. ಫ್ಲೋಟ್ ಹಾಕಿಸಿ, ಟ್ಯಾಂಕ್ ತೊಳೆಸಿ, ಶನಿವಾರ ಒಂದೇ ಒಂದು ಸುತ್ತು ಹಾರಬಹುದಲ್ಲವೇ? ತಂಗಿಯ ಮಗನಿಗೆ ಮಾತು ಕೊಟ್ಟಿದ್ದೇನೆ.

ಇಂಜಿನಿಯರ್: ಐದು ವರ್ಷಕ್ಕೆ ಬದಲಿಸಲೇಬೇಕಾದ ಹೋಸ್ ಅದು. ಅದರ ಪುಡಿಯನ್ನು ಇಂದು ನೀವೇ ಲೋಟದಲ್ಲಿ ಕಂಡಿದ್ದೀರಿ. ಆ ಹೋಸ್ ಇಟ್ಟುಕೊಂಡು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಮಾತನ್ನು ನನ್ನ ಮುಂದೆ ಆಡಬೇಡಿ.

ಬೆಂಗಳೂರಿನ ಸದಸ್ಯರು: ನನ್ನನ್ನು ಶಾಲೆಯ ಹುಡುಗನನ್ನು ಬೈದಂತೆ ಬೈಯುತ್ತಿದ್ದೀರಿ. ನಾನು 180 ಗಂಟೆ ಹಾರಿದವನು.

ಇಂಜಿನಿಯರ್: ಬೈದದ್ದು ನಿಜ, ನೋವಾಗಿದ್ದರೆ ಕ್ಷಮಿಸಿ. ಕೆಮ್ಮುವ ಎಂಜಿನ್ ಇಟ್ಟುಕೊಂಡು ರನ್‌ವೇಗೆ ಇಳಿಸಿದ್ದೀರಿ, ನಿಮ್ಮ ಕೈ ಚೆನ್ನಾಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೋಸ್ ಬರುವವರೆಗೆ ಪ್ರೊಪೆಲ್ಲರಿಗೆ ಕೆಂಪು ಪಟ್ಟಿ ಕಟ್ಟಿ, ಲಾಗ್‌ಬುಕ್‌ನಲ್ಲಿ ಹಾರಾಟಕ್ಕೆ ಯೋಗ್ಯವಲ್ಲವೆಂದು ಬರೆಸಿ. ಬಲಗಡೆಯದೊಂದೇ ಅಲ್ಲ, ನಾಲ್ಕೂ ಫ್ಲೋಟ್ ಬದಲಿಸಿ. ಎರಡೂ ಕಾರ್ಬ್ಯುರೇಟರ್‌ಗಳನ್ನು ಗೇಜ್ ಹಾಕಿ ಮತ್ತೆ ಸಮ ಮಾಡಿಸಬೇಕು. ಆಮೇಲೆ ನೆಲದ ಮೇಲೆ ಅರ್ಧ ಗಂಟೆ, ಅದರಲ್ಲಿ ಹತ್ತು ನಿಮಿಷ ಕಡಿಮೆ ಥ್ರಾಟಲ್‌ನಲ್ಲೇ ಓಡಿಸಿ ತಟ್ಟೆ ನೋಡಬೇಕು. ಹೋಸ್ ಬಂದ ದಿನ ಫೋನ್ ಮಾಡಿ, ನಾನೇ ಜಕ್ಕೂರಿಗೆ ಬರುತ್ತೇನೆ.