ಬುಡ ಎದ್ದ ಹಲಸು ಮಾವಿನ ಮೇಲೆ ಒರಗಿದೆ, ಇಳಿಸೋದು ಹೇಗೆ?

ಅಡಿಕೆಮನೆ:
ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಿಂದ ಬರೀತಿದ್ದೀನಿ. ಮಳೆಗಾಲದ ಮುಂಚಿನ ಗುಡುಗುಗಾಳಿಗೆ ಮನೆ ಹಿಂದಿನ ಹಲಸಿನ ಮರ ಬೇರುಸಮೇತ ಎದ್ದು ಪಕ್ಕದ ಮಾವಿನ ಕವಲಿಗೆ ಒರಗಿ ನಿಂತಿದೆ. ಬುಡ ಸುಮಾರು ಎರಡಡಿ ದಪ್ಪ. ಬೇರು ಮಣ್ಣನ್ನೂ ಕಚ್ಚಿಕೊಂಡು ಒಂದಾಳೆತ್ತರ ಮೇಲೆದ್ದಿದೆ, ಹಿಂದೆ ದೊಡ್ಡ ಗುಂಡಿ. ಮರದ ತುಂಬ ಕಾಯಿ. ಇನ್ನೊಂದು ಕಡೆ ಸಿಲ್ವರ್ ಓಕ್ ಅರ್ಧಕ್ಕೆ ಮುರಿದು ಪಂಪ್‌ಸೆಟ್ ಲೈನಿನ ಮೇಲೆ ಬಿದ್ದಿದೆ. ತಂತಿ ತುಂಡಾಗಿಲ್ಲ, ಜಗ್ಗಿ ನೆಲದಿಂದ ನಾಲ್ಕಡಿ ಎತ್ತರದಲ್ಲಿದೆ. ಊರಿಗೆಲ್ಲ ಕರೆಂಟಿಲ್ಲ.

ಮರ ಕೊಯ್ಯೋರು ಬಂದು ನೋಡಿ ಹೋದರು. "ಮಾವು ಕಡಿದ್ರೆ ಎರಡೂ ಒಟ್ಟಿಗೆ ಬೀಳುತ್ತೆ, ಅರ್ಧ ದಿನದ ಕೆಲಸ. ಕರೆಂಟ್ ಹೇಗೂ ಇಲ್ವಲ್ಲ, ಓಕನ್ನ ಈಗಲೇ ತೆಗೆದುಬಿಡ್ತೀವಿ. ಮನೆ ಸುತ್ತ ಇರೋ ಉಳಿದ ಮರಗಳ ತಲೆನೂ ಹೊಡೆದುಬಿಡೋಣ" ಅಂತಾರೆ. ಒಪ್ಪಿಕೊಳ್ಳಬಹುದಾ? ಗೊತ್ತಿದ್ದವರು ಹೇಳಿ.

ಟಿಸಿಕಂಬ:
ಮೊದಲು ಲೈನಿನ ವಿಷಯ, ಉಳಿದದ್ದೆಲ್ಲ ಆಮೇಲೆ. "ಕರೆಂಟ್ ಇಲ್ವಲ್ಲ" ಅನ್ನೋ ಮಾತು ತುಂಬ ಅಪಾಯದ್ದು ಸ್ವಾಮಿ. ಗಾಳಿಗೆ ಫೀಡರ್ ಟ್ರಿಪ್ ಆದ ಮೇಲೆ ಸಬ್‌ಸ್ಟೇಷನ್‌ನಲ್ಲಿ ಲೈನ್ ಚಾರ್ಜ್ ಮಾಡಿ, ಅಂದ್ರೆ ಮತ್ತೆ ಕರೆಂಟ್ ಬಿಟ್ಟು ನೋಡ್ತಾರೆ. ನಿಂತರೆ ನಿಂತಿತು, ಇಲ್ಲದಿದ್ರೆ ಮತ್ತೆ ಟ್ರಿಪ್. ನಿಮ್ಮ ತೋಟದಲ್ಲಿ ಒಬ್ಬ ಹಸಿ ಕೊಂಬೆ ಹಿಡಿದು ನಿಂತಿದ್ದಾನೆ ಅನ್ನೋದು ಅಲ್ಲಿರೋರಿಗೆ ಹೇಗೆ ಗೊತ್ತಾಗಬೇಕು? ಎರಡನೇದು ಜನರೇಟರ್. ಅಕ್ಕಪಕ್ಕದ ಯಾರಾದರೂ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನ ನೇರ ಮನೆ ಬೋರ್ಡಿಗೆ ಸಿಕ್ಕಿಸಿದ್ರೆ ಆ ವಿದ್ಯುತ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು ಮನೆಗಳಿಗೆ ಕರೆಂಟ್ ಕೊಡೋ ಎಲ್‌ಟಿ ಲೈನಿಗೆ ಬರುತ್ತೆ. ಟಿಸಿವರೆಗೂ (ಟ್ರಾನ್ಸ್‌ಫಾರ್ಮರ್) ಹೋದ್ರೆ ಅಲ್ಲಿ ವೋಲ್ಟೇಜ್ ಏರಿ 11 ಕೆವಿ ಕಡೆಗೂ ಹೊರಡುತ್ತೆ.

1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ನಿಮ್ಮ ಸೆಕ್ಷನ್ ಲೈನ್‌ಮ್ಯಾನ್‌ಗೂ ತಿಳಿಸಿ. ಅವರು ಎಲ್‌ಸಿ (ಲೈನ್ ಆಫ್ ಮಾಡಿ ಕೆಲಸ ಮಾಡೋ ಅನುಮತಿ) ತಗೊಂಡು, ಜಿಒಎಸ್ (ಕಂಬದ ಮೇಲಿನ ಸ್ವಿಚ್) ಬಿಚ್ಚಿ ಅಥವಾ ಟಿಸಿ ಫ್ಯೂಸ್ ತೆಗೆದು, ತಂತಿಗಳನ್ನ ಶಾರ್ಟ್ ಮಾಡಿ (ಒಂದಕ್ಕೊಂದು ಜೋಡಿಸಿ) ನೆಲಕ್ಕೆ ಅರ್ತ್ ಕೊಟ್ಟ ಮೇಲೆ ಮಾತ್ರ ಆ ಲೈನ್ ಸತ್ತಿದೆ ಅನ್ನಬಹುದು. ಬರೀ ಫ್ಯೂಸ್ ತೆಗೆದು "ಆಯ್ತು, ಕೊಯ್ರಿ" ಅಂದ್ರೆ ಒಪ್ಪಬೇಡಿ. ಅರ್ತ್ ಹಾಕಿದ್ದು ಕಣ್ಣಿಗೆ ಕಾಣಬೇಕು, ಕೆಲಸ ಮುಗಿಯೋವರೆಗೂ ಲೈನ್‌ಮ್ಯಾನ್ ಅಲ್ಲೇ ಇರಬೇಕು.

ಅರ್ತ್ ಕೊಟ್ಟ ಮೇಲೂ ಓಕನ್ನ ತಂತಿ ಮೇಲೆ ಇರೋ ಹಾಗೇ ಕೊಯ್ಯಬಾರದು. ಜಗ್ಗಿದ ತಂತಿ ಬಿಲ್ಲಿನ ಹೆದೆ ಇದ್ದ ಹಾಗೆ. ಭಾರ ಇಳಿದ ಕ್ಷಣಕ್ಕೆ ಮೇಲಕ್ಕೆ ಚಿಮ್ಮುತ್ತೆ, ಜೊತೆಗೆ ಕೊಂಬೆಯನ್ನೂ ಎಸೆಯುತ್ತೆ. ಸಿಮೆಂಟ್ ಕಂಬ ಬುಡದಲ್ಲಿ ಬಿರಿದಿದ್ರೆ ಅದೂ ಬೀಳಬಹುದು. ಮೊದಲು ಲೈನ್‌ಮ್ಯಾನ್ ಇನ್ಸುಲೇಟರ್‌ನಿಂದ ತಂತಿ ಬಿಡಿಸಿ ನೆಲಕ್ಕೆ ಇಳಿಸಲಿ.

ಅಲ್ಲಿಯವರೆಗೆ ಕನಿಷ್ಠ 10 ಮೀಟರ್ ದೂರ ಇರಿ, ದನಕರುಗಳನ್ನೂ ಬಿಡಬೇಡಿ. ಜಗ್ಗಿದ ತಂತಿ ನಿಮ್ಮ ಮುಳ್ಳುತಂತಿ ಬೇಲಿಗೆ ತಾಗಿದೆಯಾ ಅಂತ ದೂರದಿಂದಲೇ ನೋಡಿ. ತಾಗಿದ್ರೆ ಬೇಲಿ ಎಷ್ಟು ದೂರ ಹೋಗಿದೆಯೋ ಅಷ್ಟು ದೂರವೂ ಅಪಾಯ. ಹೆಚ್ಚಿನವರಿಗೆ ಇದು ಹೊಳೆಯೋದೇ ಇಲ್ಲ.

ಗರಗಸ:
ಮಾವು ಕಡಿಯೋದು ಬೇಡವೇ ಬೇಡ. ಒರಗಿದ ಮರಕ್ಕೆ ಆಸರೆಯಾದ ಮರವನ್ನ ಕೊಯ್ಯುವವನು ಹಲಸಿನ ಅಡಿಯಲ್ಲೇ ನಿಂತಿರ್ತಾನೆ. ಮಾವು ಪೂರ್ತಿ ತುಂಡಾಗೋ ಮುಂಚೆಯೇ ಹಲಸಿನ ಭಾರಕ್ಕೆ ಸೀಳುತ್ತೆ, ಆಮೇಲೆ ಯಾವ ಮರ ಯಾವ ಕಡೆ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಇದೇ ಸಾಲಿನ ಇನ್ನೂ ಮೂರು ಕೆಟ್ಟ ರೂಢಿಗಳಿವೆ: ಒರಗಿದ ಮರವನ್ನ ಹತ್ತಿ ಸಿಕ್ಕಿಕೊಂಡ ಕೊಂಬೆ ಕಡಿಯೋದು, ಮತ್ತೊಂದು ಮರವನ್ನ ಅದರ ಮೇಲೆ ಬೀಳಿಸೋದು, ಬುಡದಿಂದ ಮೂರು ಮೂರು ಅಡಿ ತುಂಡು ಹಾಕ್ತಾ ಮರವನ್ನ ನೆಟ್ಟಗೆ ತರೋದು. ಕೊನೆಯದಂತೂ ಎಲ್ಲ ಕಡೆ ಮಾಡ್ತಾರೆ. ಪ್ರತಿ ತುಂಡಿಗೂ ಮರ ಇನ್ನಷ್ಟು ನೆಟ್ಟಗಾಗಿ, ಕಡೆಗೆ ಕೊಯ್ಯುವವನ ಕಡೆಗೇ ವಾಲುತ್ತೆ.

ಸರಿಯಾದ ದಾರಿ ಅಂದ್ರೆ ಬುಡ ಎಳೆದು ಇಳಿಸೋದು. ನಿಮ್ಮಲ್ಲಿ ಹಿಂದೆ ಬೇರಿನ ಗುಪ್ಪೆ ಇರೋದ್ರಿಂದ ನೇರ ಹಿಂದಕ್ಕೆ ಎಳೆಯೋಕಾಗಲ್ಲ, ಓರೆಯಾಗಿ ಎಳೀಬೇಕು. ಕೈ ವಿಂಚ್, ಪುಲ್ಲಿ ಮತ್ತು ಗಟ್ಟಿ ಮರ ಒಂದು ಬೇಕು. ಆ ಮರಕ್ಕೆ ಅಗಲದ ಬೆಲ್ಟನ್ನ ಬುಡದಲ್ಲೇ ಸುತ್ತಿರಿ. ಮೇಲೆ ಕಟ್ಟಿದ್ರೆ ಅದೂ ಕಿತ್ತು ಬರಬಹುದು. ಎರಡಡಿ ದಪ್ಪದ ಹಸಿ ದಿಮ್ಮಿ ಹತ್ತಡಿಗೇ ಮುಕ್ಕಾಲು ಟನ್ ಹತ್ತಿರ ತೂಗುತ್ತೆ, ಮೇಲೆ ಹರೆ, ಕಾಯಿ ಬೇರೆ. ಹಾಗಾಗಿ ಬಾವಿ ಹಗ್ಗ, ಜೀಪಿನ ಬಂಪರ್ ಈ ಕೆಲಸಕ್ಕಲ್ಲ. ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗಿ, ಕಡಿದಾಗ ತುದಿಯಲ್ಲಿರೋ ಕೊಕ್ಕೆಯನ್ನ ಗುಂಡಿನ ಹಾಗೆ ಎಸೆಯುತ್ತೆ. ಎಳೆಯುವಾಗ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಪುಲ್ಲಿಯಲ್ಲಿ ಹಗ್ಗ ತಿರುಗುತ್ತಲ್ಲ, ಆ ಮೂಲೆಯ ಒಳಗಂತೂ ಕಾಲಿಡಲೇಬಾರದು.

ಈಗ ಕೊಯ್ತ, ಅಂದ್ರೆ ಎಳೆಯೋ ಮುಂಚೆ ಕಾಂಡವನ್ನ ಬೇರಿನಿಂದ ಬಿಡಿಸೋದು. ಕಾಂಡಕ್ಕೆ ಬೇರಿನ ಕಡೆ ಒಂದು ಆಸರೆ, ಮಾವಿನ ಕವಲು ಇನ್ನೊಂದು. ನಡುವಿನ ಭಾರಕ್ಕೆ ಕಾಂಡ ಕೆಳಗೆ ಬಾಗಿರುತ್ತೆ, ಅಂದ್ರೆ ಮೇಲ್ಮಗ್ಗಲು ಒತ್ತಿಕೊಂಡಿದೆ, ಕೆಳಮಗ್ಗಲು ಬಿಗಿದು ಎಳೆದಿದೆ. ಮೊದಲು ಮೇಲಿನಿಂದ ದಪ್ಪದ ಕಾಲು ಭಾಗದಷ್ಟು ಕೊಯ್ಯಿರಿ. ಕೊಯ್ತದ ಬಾಯಿ ಮುಚ್ಚಿಕೊಳ್ಳೋಕೆ ಶುರುವಾದ್ರೆ ಅಲ್ಲಿಗೇ ನಿಲ್ಲಿಸಿ, ಬೆಣೆ ಹೊಡೀರಿ. ಆಮೇಲೆ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ. ಉಲ್ಟಾ ಮಾಡಿ ಬಿಗಿದ ಕಡೆ ಮೊದಲು ಕೊಯ್ದರೆ ಕಾಂಡ ಉದ್ದಕ್ಕೆ ಸೀಳಿ ಬರುತ್ತೆ. ನಿಲ್ಲೋ ಜಾಗ ಪಕ್ಕದಲ್ಲಿ, ಕಾಂಡದ ಕೆಳಗಲ್ಲ. ಪೂರ್ತಿ ತುಂಡು ಮಾಡಬೇಡಿ. ಒಂದಷ್ಟು ನಾರು ಉಳಿಸಿ, ಮಷಿನ್ (ಚೈನ್ ಗರಗಸ) ಆಫ್ ಮಾಡಿ ಎಲ್ಲರೂ ದೂರ ಬಂದು, ವಿಂಚ್‌ನಿಂದ ಎಳೆದು ಮುರೀಬೇಕು. ಒಬ್ಬನೇ ಕಣ್ಣು ಮೇಲಿಟ್ಟು ನೋಡ್ತಾ "ನಿಲ್ಸಿ" ಅನ್ನೋಕೆ ಇರಲಿ. ಅವನ ಮಾತಿಗೆ ಎಲ್ಲರೂ ಓಡಬೇಕು.

ಇನ್ನು ಹಲಸಿನ ಕಾಯಿ. ಮಷಿನ್ ಅದುರಿಗೇ 10-15 ಕಿಲೋ ತೂಕದ ಕಾಯಿ ಉದುರಬಹುದು. ಮಾವಿನಲ್ಲಿ ಚಗಳಿ (ಕೆಂಪಿರುವೆ) ಗೂಡೋ ಕಣಜವೋ ಇದ್ದರೂ ಮೊದಲೇ ನೋಡಿಕೊಳ್ಳಿ. ಕೈಯಲ್ಲಿ ಮಷಿನ್ ಹಿಡಿದವನಿಗೆ ಕಣಜ ಕಚ್ಚಿದ್ರೆ ಆಗೋದು ಬರೀ ಉರಿ ಅಲ್ಲ.

ಕಾಡುಹಾದಿ:
ಗರಗಸ ಅವರು ಬೇರಿನ ಗುಪ್ಪೆ ವಿಷಯ ಮುಟ್ಟಿ ಮುಂದೆ ಹೋದರು, ನನ್ನ ಪ್ರಕಾರ ಇಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಅದೇ. ಕಾಂಡದ ಭಾರವೇ ಗುಪ್ಪೆಯನ್ನ ಎತ್ತಿ ಹಿಡಿದಿರೋದು. ಕಾಂಡ ತುಂಡಾದ ತಕ್ಷಣ ಟನ್‌ಗಟ್ಟಲೆ ಮಣ್ಣು ಗುಂಡಿಗೆ ವಾಪಸ್ ಬೀಳುತ್ತೆ, ಉಳಿದ ಮೋಟು ಮೇಲಕ್ಕೆ ಎದ್ದು ನಿಲ್ಲುತ್ತೆ. ಗುಂಡಿಯಲ್ಲಿ ಯಾರಾದರೂ ಇದ್ದರೆ ಉಳಿಯಲ್ಲ. ಮಕ್ಕಳಿಗೆ ಅಂಥ ಗುಂಡಿ ಅಂದ್ರೆ ಆಟದ ಜಾಗ, ನಾಯಿ ನೆರಳಿಗೆ ಹೋಗಿ ಮಲಗುತ್ತೆ. ಇವತ್ತೇ ಸುತ್ತ ಹಗ್ಗ ಕಟ್ಟಿ.

ಬುಡಕ್ಕೆ ಅಂಟಿ ಕೊಯ್ಯಬೇಡಿ. ಗುಪ್ಪೆ ಎಷ್ಟು ಎತ್ತರ ಎದ್ದಿದೆಯೋ ಹೆಚ್ಚುಕಮ್ಮಿ ಅಷ್ಟು ಉದ್ದದ ಕಾಂಡ ಬಿಡಿ. ಹಿಂದಕ್ಕೆ ಬೀಳದೆ ಮುಂದಕ್ಕೆ ಉರುಳಿದ್ರೆ ಆ ಮೋಟೇ ಅದನ್ನ ತಡೆಯೋದು. ದಿಮ್ಮಿಗೆ ಒಂದೆರಡು ಅಡಿ ಉದ್ದ ಸಿಗುತ್ತೆ ಅಂತ ವ್ಯಾಪಾರಿ ಬುಡದಲ್ಲೇ ಕೊಯ್ಯೋಕೆ ಹೇಳ್ತಾನೆ, ಕಿವಿಗೆ ಹಾಕ್ಕೋಬೇಡಿ.

ಮಷಿನ್ ಹಿಡಿಯೋರ ಬಗ್ಗೆಯೂ ಒಂದಿಷ್ಟು. ಲುಂಗಿ ಮಡಿಸಿ ಕಟ್ಟಿ ಹವಾಯಿ ಚಪ್ಪಲಿಯಲ್ಲಿ ಬಂದವರಿಗೆ ಕೆಲಸ ಕೊಡಬೇಡಿ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತೆ. ಬಾರ್ (ಚೈನ್ ಓಡೋ ಉದ್ದ ಪಟ್ಟಿ) ತುದಿಯ ಮೇಲಿನ ಕಾಲು ಭಾಗ ಹಿಂದಿರೋ ಕೊಂಬೆಗೆ ತಾಗಿದ್ರೆ ಮಷಿನ್ ಕಣ್ಣು ಮಿಟುಕಿಸೋದರೊಳಗೆ ಮುಖದ ಕಡೆಗೆ ಎಗರುತ್ತೆ. ಬಿದ್ದ ಮರದ ಹರೆಗಳ ಮಧ್ಯೆ ಆ ತುದಿ ಯಾವುದಕ್ಕೆ ತಾಗ್ತಿದೆ ಅಂತ ಕಾಣೋದೇ ಇಲ್ಲ. ಅದಕ್ಕೇ ಚೈನ್ ಬ್ರೇಕ್ ಕೆಲಸ ಮಾಡ್ತಿರಬೇಕು (ಎಷ್ಟೋ ಮಷಿನ್‌ನಲ್ಲಿ ಮುಂದಿನ ಗಾರ್ಡೇ ಮುರಿದುಹೋಗಿರುತ್ತೆ), ಎರಡೂ ಕೈ ಹಿಡಿದು ಹೆಬ್ಬೆರಳು ಹಿಡಿಕೆಯ ಸುತ್ತ ಬರಬೇಕು, ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಬಾರದು. ಏಣಿ ಮೇಲೆ ನಿಂತಂತೂ ಬೇಡ. ಕೊಂಬೆ ಬಿದ್ದ ಮೇಲೆ ಭಾರ ಇಳಿದ ಮರ ಮೇಲಕ್ಕೆ ಏಳುತ್ತೆ, ಏಣಿ ಜಾರುತ್ತೆ.

ಹಲಸಿನ ಮೇಣ ಚೈನಿಗೂ ಬಾರಿನ ಕಾಲುವೆಗೂ ಅಂಟಿ ಎಣ್ಣೆ ಓಡದ ಹಾಗೆ ಮಾಡುತ್ತೆ. ಆಗಾಗ ನಿಲ್ಲಿಸಿ, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೀಬೇಕು. ಬುಡದ ತೊಗಟೆಯಲ್ಲಿ ಮಣ್ಣು, ಕಲ್ಲು ಸೇರಿರುತ್ತೆ, ಒಂದು ಸಲ ತಾಗಿದ್ರೆ ಹರಿತ ಹೋಯ್ತು. ಉದ್ದುದ್ದ ಚಕ್ಕೆ ಬರೋ ಬದಲು ಹಿಟ್ಟಿನಂಥ ಪುಡಿ ಬರ್ತಿದ್ರೆ ಅರ ಹಾಕೋ ಹೊತ್ತಾಯ್ತು ಅಂತ. ಮೊಂಡು ಚೈನಿದ್ದಾಗ ಮೈಭಾರ ಹಾಕಿ ಒತ್ತುತ್ತಾರೆ, ತುಂಡಾದಾಗ ಮುಗ್ಗರಿಸ್ತಾರೆ.

ಅಡಿಕೆಮನೆ:
ಎಲ್ಲರಿಗೂ ಧನ್ಯವಾದ. ಲೈನ್‌ಮ್ಯಾನ್‌ಗೆ ಹೇಳಿದ್ದೀನಿ. ಪಕ್ಕದ ಊರಲ್ಲಿ ಜೆಸಿಬಿ ಇದೆ, ಅದರಿಂದ ಹಲಸನ್ನ ತಳ್ಳಿಸಿಬಿಡಬಹುದಾ? ಮತ್ತೆ ಉಳಿದ ಮರಗಳ ತಲೆ ಹೊಡೆಯೋ ವಿಷಯ ಯಾರೂ ಹೇಳಲಿಲ್ಲ.

ಗರಗಸ:
ಜೆಸಿಬಿ ಇದ್ದರೆ ಒಳ್ಳೇದೇ, ಆದರೆ ತಳ್ಳೋಕಲ್ಲ. ಗುಂಡಿಯ ಅಂಚಿನಿಂದ ದೂರ, ಗಟ್ಟಿ ನೆಲದಲ್ಲಿ ಕಾಲು ಊರಿ ನಿಂತು, ಹಿಂದಿನ ಬಕೆಟ್ಟನ್ನ ಬೇರಿನ ಗುಪ್ಪೆಯ ತಳಕ್ಕೆ ತಾಗಿಸಿ ಹಿಡಿಯೋಕೆ. ಕಾಂಡ ಹೊರಗೆ ಬಂದ ಮೇಲೆ ನಿಧಾನ ಇಳಿಸಿ ಗುಂಡಿ ಮುಚ್ಚಿಸಬಹುದು. ಬಕೆಟ್‌ನಲ್ಲಿ ಆಳು ನಿಲ್ಲಿಸಿ ಕೊಂಬೆ ಕೊಯ್ಯಿಸೋದು ಬೇಡ, ಅದು ಮಣ್ಣೆತ್ತೋ ಬಕೆಟ್. ಡ್ರೈವರ್ ಕೈ ಲಿವರಿಗೆ ಸ್ವಲ್ಪ ತಾಗಿದ್ರೂ ಮೇಲಿರೋನು ಕೆಳಗೆ.

ಕಾಡುಹಾದಿ:
ತಲೆ ಹೊಡೆಸಬೇಡಿ. ಗಾಳಿ ಬಂದ ಮರುದಿನ ಎಲ್ಲರಿಗೂ ಹೆದರಿಕೆ, ಮರ ಕೊಯ್ಯೋರಿಗೆ ಅದೇ ಸುಗ್ಗಿ. ನಡುಕಾಂಡವನ್ನೇ ಮೋಟು ಮಾಡಿದ್ರೆ ಗಾಯದ ಅಂಚಿನಿಂದ ಹತ್ತಾರು ಚಿಗುರು ಒಟ್ಟಿಗೆ ಏಳುತ್ತೆ. ಅವು ಬರೀ ಹೊರಪದರಕ್ಕೆ ಅಂಟಿಕೊಂಡಿರ್ತವೆ, ಒಳಗೆ ಕಾಂಡ ಕೊಳೆಯುತ್ತೆ. ನಾಲ್ಕೈದು ವರ್ಷಕ್ಕೆ ಅವೇ ದಪ್ಪ ಕೊಂಬೆಗಳಾಗಿ ಮುಂದಿನ ಗಾಳಿಗೆ ಮಾಡಿನ ಮೇಲೆ ಕಳಚಿ ಬೀಳ್ತವೆ. ಕಾಫಿ ತೋಟದ ಮರಗಸಿ (ಕೊಂಬೆ ಸವರೋದು) ಬೇರೆ, ಅದು ನೆರಳು ಹದ ಮಾಡೋಕೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬದಲಿಗೆ ಒಂದೊಂದೇ ಮರ ನೋಡಿ. ಗಾಳಿ ಬಂದ ದಿಕ್ಕಿನ ಕಡೆ ಬುಡದ ಮಣ್ಣು ಬಿರಿದಿದೆಯಾ, ಮೊದಲಿಲ್ಲದ ವಾಲು ಬಂದಿದೆಯಾ, ಬುಡದಲ್ಲಿ ಅಣಬೆ ಇದೆಯಾ, ಎರಡು ಕವಲು ಸೇರೋ ಕಡೆ ಸೀಳು ಕಾಣ್ತಿದೆಯಾ. ಇವಿದ್ದ ಮರ ಮಾತ್ರ ತೆಗೆಯೋ ಯೋಚನೆ ಮಾಡಿ. ಮುರಿದು ನೇತಾಡೋ ಕೊಂಬೆ ಇದ್ದರೆ ಅದನ್ನಷ್ಟೇ ತೆಗೆಸಿ, ಮೂರು ಕೊಯ್ತದಲ್ಲಿ: ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ, ಅದಕ್ಕಿಂತ ಎರಡು ಬೆರಳು ಹೊರಗೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನ ಕೊಂಬೆ ಬುಡದ ಉಬ್ಬಿದ ಉಂಗುರದ ಹೊರಗೆ. ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಕೊಂಬೆ ಬೀಳ್ತಾ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತೆ. ಕಾಂಡಕ್ಕೆ ನುಣ್ಣಗೆ ಸವರಿ ಕೊಯ್ಯೋದು ನೋಡೋಕೆ ಚೆಂದ, ಆದರೆ ಆ ಉಂಗುರ ಹೋದ್ರೆ ಗಾಯ ಮುಚ್ಚೋದು ಕಷ್ಟ. ದೊಡ್ಡ ಗಾಯಕ್ಕೆ ಟಾರು, ಪೇಂಟು, ಸಿಮೆಂಟು ಏನೂ ಬಳಿಯಬೇಡಿ, ಒಳಗೆ ತೇವ ಉಳಿದು ಕೊಳೆ ಜಾಸ್ತಿಯಾಗುತ್ತೆ.

ನಿಂತಿರೋ ಮರ ಕಡಿಸೋದಾದ್ರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯನ್ನ ಕೇಳಿಯೇ ಮುಂದುವರಿಯಿರಿ. ಬಿದ್ದ ಮರಕ್ಕೂ, ಗಾಳಿಗೇ ಬಿದ್ದಿದ್ದು ಅಂತ ತೋರಿಸೋಕೆ, ಕೊಯ್ಯೋ ಮುಂಚೆ ಬೇರು, ಗುಂಡಿ ಕಾಣೋ ಹಾಗೆ ನಾಲ್ಕು ಕಡೆಯಿಂದ ಫೋಟೊ ತೆಗೆದಿಡಿ.

ಟಿಸಿಕಂಬ:
ಇನ್ನೊಂದು. ತಂತಿ ಮತ್ತೆ ಎಳೆದು ಕಟ್ಟಿದ ಮೇಲೆ ಅರ್ತ್ ತೆಗೆದು ಎಲ್‌ಸಿ ವಾಪಸ್ ಕೊಡ್ತಾರೆ. ಅದಕ್ಕೂ ಮುಂಚೆ ಕೆಲಸದವರನ್ನ ಹೆಸರು ಹಿಡಿದು ಕರೆದು ಎಣಿಸಿ, ಕತ್ತಿ, ಹಗ್ಗ ಎಲ್ಲ ಹೊರಗೆ ಬಂದಿದೆಯಾ ನೋಡಿ. ಕೆಲಸ ಮುಗೀತು ಅಂತ ಲೈನ್‌ಮ್ಯಾನ್‌ಗೆ ಹೇಳೋನು ಒಬ್ಬನೇ ಇರಲಿ, ಅದು ಯಾರು ಅಂತ ಬೆಳಿಗ್ಗೆಯೇ ಗೊತ್ತು ಮಾಡಿಕೊಳ್ಳಿ. ವಾಪಸ್ ಕೊಟ್ಟ ಮೇಲೆ "ಒಂದು ಕೊಂಬೆ ಉಳೀತು" ಅಂತ ಯಾರೂ ಲೈನಿನ ಹತ್ತಿರ ಹೋಗಬಾರದು, ಹೋಗಲೇಬೇಕಾದ್ರೆ ಮತ್ತೆ ಎಲ್‌ಸಿ ತಗೊಂಡೇ.