ಹಳೆಯ ಮನೆ, ಹೊಸ ರೂಪ: ವಾಸ್ತುಶಿಲ್ಪಿಯನ್ನು ಕೇಳಿ

ನಿರ್ವಾಹಕರು: ಇಂದು ಸಂಜೆಯವರೆಗೆ ನಮ್ಮ ಗುಂಪಿನ ವಾಸ್ತುಶಿಲ್ಪಿ ಮೇಡಂ ಹಳೆಯ ಮನೆಗಳ ನವೀಕರಣದ ಬಗ್ಗೆ ಉತ್ತರಿಸುತ್ತಾರೆ. ಮನೆ ಯಾವ ಕಾಲದ್ದು, ಗೋಡೆ ಯಾವುದರದ್ದು, ಮೇಲೆ ಹೆಂಚೋ ತಾರಸಿಯೋ ಎಂಬುದನ್ನು ಬರೆದು ಕೇಳಿ. ಫಾರ್ವರ್ಡ್ ಸಂದೇಶ ಹಾಕಬೇಡಿ.

ಹಾಸನದ ಸದಸ್ಯೆ: ನಮಸ್ಕಾರ ಮೇಡಂ. ಮಾವನವರು 1968ರಲ್ಲಿ ಕಟ್ಟಿಸಿದ ಮನೆ. ರೆಡ್ ಆಕ್ಸೈಡ್ ನೆಲ ಮಂಕಾಗಿದೆ, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು. ಯಜಮಾನರಿಗೆ ಬಿಳಿ ವಿಟ್ರಿಫೈಡ್ ಟೈಲ್ಸ್ ಬೇಕು. ನನಗೆ ಈ ಕೆಂಪು ನೆಲವೇ ಇಷ್ಟ. ಏನು ಮಾಡಲಿ?

ವಾಸ್ತುಶಿಲ್ಪಿ: ನಮಸ್ಕಾರ. ನೆಲವನ್ನು ಉಳಿಸಿಕೊಳ್ಳಿ. ಸಿಮೆಂಟಿಗೆ ಕಾವಿಯ ಬಣ್ಣ ಬೆರೆಸಿ, ಕರಣೆಯಿಂದ ಗಂಟೆಗಟ್ಟಲೆ ಉಜ್ಜಿ ಹೊಳಪು ತರುತ್ತಿದ್ದ ಕೆಲಸ ಅದು. ಅಷ್ಟು ತಾಳ್ಮೆಯಿಂದ ಮಾಡುವ ಗಾರೆಯವರು ಈಗ ಸುಲಭಕ್ಕೆ ಸಿಗುವುದಿಲ್ಲ. ಕೂದಲೆಳೆಯ ಬಿರುಕಿನಿಂದ ಅಪಾಯವಿಲ್ಲ. ಮಂಕಾಗಲು ಕಾರಣ ಹೆಚ್ಚಾಗಿ ಬಟ್ಟೆ ಸೋಡಾ, ಫಿನಾಯಿಲ್ ಮತ್ತು ಬಚ್ಚಲು ತೊಳೆಯುವ ಆಸಿಡ್. ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ, ಅದನ್ನು ನೆಲದ ಹತ್ತಿರ ತರಬೇಡಿ. ಕೆಲವು ವಾರ ಬರೀ ನೀರಿನಲ್ಲಿ ಒರೆಸಿ. ಒಣಗಿದ ಮೇಲೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ. ಹೆಚ್ಚು ಹಾಕಿದರೆ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಜೋಪಾನ. ಯಜಮಾನರಿಗೆ ಬಿಳುಪು ಬೇಕೆಂದರೆ ಗೋಡೆಗೆ ಬಳಿಸಲಿ. ಗೋಡೆಯ ಬಣ್ಣ ಬೇಡವಾದರೆ ಬದಲಾಯಿಸಬಹುದು, ಒಡೆದ ನೆಲ ಮರಳಿ ಬರುವುದಿಲ್ಲ.

ಪುತ್ತೂರಿನ ಸದಸ್ಯ: ಮುರಕಲ್ಲಿನ ಗೋಡೆ ಕಾಣುವಂತೆ ಗಿಲಾವು ಕೆತ್ತಿಸಬಹುದೇ? ಈಗ ಎಲ್ಲರೂ ಹಾಗೆ ಮಾಡುತ್ತಿದ್ದಾರೆ.

ವಾಸ್ತುಶಿಲ್ಪಿ: ಒಳಗಿನ ಗೋಡೆಗೆ ಮಾಡಬಹುದು. ಹೊರಗೆ, ಮಳೆ ಬಡಿಯುವ ಪಡುವಣ ಗೋಡೆಗೆ ಬೇಡ, ಕಲ್ಲು ನೀರು ಕುಡಿಯುತ್ತದೆ.

ಮೈಸೂರಿನ ಸದಸ್ಯ: ಮೇಡಂ, ತಾತನ ಕಾಲದ ಮನೆ, 1940ರ ಆಸುಪಾಸಿನದು, ಮದ್ರಾಸ್ ತಾರಸಿ. ಮನೆಯೊಳಗೆ ಕತ್ತಲೆ. ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆ ತೆಗೆದು ಒಂದೇ ದೊಡ್ಡ ಜಾಗ ಮಾಡುತ್ತಿದ್ದೇವೆ. ನಿನ್ನೆ ಮೇಸ್ತ್ರಿ ಅರ್ಧ ಗೋಡೆ ಒಡೆದಿದ್ದಾರೆ. ಮೇಲಿನಿಂದ ಸ್ವಲ್ಪ ಗಾರೆ ಪುಡಿ ಉದುರುತ್ತಿದೆ. ಪಕ್ಕದ ಕೋಣೆಯ ಬಾಗಿಲು ಬೆಳಿಗ್ಗೆಯಿಂದ ಬಿಗಿಯಾಗಿದೆ, ಮಳೆಗಾಲವಲ್ಲವೇ ಎಂದರು. ನನ್ನ ಪ್ರಶ್ನೆ: ನಡುವಿನ ಕಟ್ಟೆಗೆ ಕಪ್ಪು ಗ್ರಾನೈಟ್ ಒಪ್ಪುತ್ತದೆಯೇ, ಬಿಳಿ ಕ್ವಾರ್ಟ್ಜ್ ಒಪ್ಪುತ್ತದೆಯೇ?

ವಾಸ್ತುಶಿಲ್ಪಿ: ಗ್ರಾನೈಟ್ ವಿಷಯ ಪಕ್ಕಕ್ಕಿಡಿ. ಇದನ್ನು ಓದಿದ ತಕ್ಷಣ ಕೆಲಸ ನಿಲ್ಲಿಸಿ. ಆ ಕೋಣೆಯಲ್ಲಾಗಲಿ ಪಕ್ಕದ ಕೋಣೆಯಲ್ಲಾಗಲಿ ಇಂದು ಯಾರೂ ಮಲಗಬಾರದು.

ಕಾರಣ ಹೇಳುತ್ತೇನೆ. ಮದ್ರಾಸ್ ತಾರಸಿಯಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಇಲ್ಲ. ತೇಗದ ಜಂತೆಗಳನ್ನು, ಅಂದರೆ ಮಾಡು ಹೊರುವ ಅಡ್ಡ ಮರಗಳನ್ನು, ಸಾಲಾಗಿ ಇಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ, ಅದರ ಮೇಲೆ ಬಿಲ್ಲೆ. ಈ ಭಾರವೆಲ್ಲ ಜಂತೆಯ ಎರಡು ತುದಿಗಳ ಮೂಲಕ ಗೋಡೆಗೆ ಇಳಿಯುತ್ತದೆ. ನೀವು ಒಡೆಸಿರುವುದು ಜಂತೆಗಳು ಕೂತಿರುವ ಗೋಡೆಯಾಗಿದ್ದರೆ, ಅರ್ಧ ಮಾಡಿಗೆ (ಛಾವಣಿಗೆ) ಈಗ ಕಾಲಿಲ್ಲ. ಉದುರುತ್ತಿರುವ ಪುಡಿ, ಬಿಗಿಯಾದ ಬಾಗಿಲು ಎರಡೂ ಅದನ್ನೇ ಹೇಳುತ್ತಿವೆ. ಮಳೆಗಾಲಕ್ಕೆ ಮರ ಉಬ್ಬುವುದು ನಿಜ, ಆದರೆ ಗೋಡೆ ಒಡೆದ ಮರುದಿನವೇ ಉಬ್ಬಿತು ಎಂದರೆ ನಾನು ನಂಬುವುದಿಲ್ಲ. ಚೌಕಟ್ಟಿನ ಮೇಲೆ ಭಾರ ಬಂದಿದೆ.

ಇಂದೇ ಮಾಡಬೇಕಾದ ಕೆಲಸ: ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರಿಂದ ಕಬ್ಬಿಣದ ಜಾಕಿಗಳನ್ನು ತರಿಸಿ. ಸಿಗದಿದ್ದರೆ ದಪ್ಪ ಸರ್ವೆ ಕಂಬ. ಒಡೆದ ಗೋಡೆಯ ಎರಡೂ ಬದಿಗೆ, ಗೋಡೆಯಿಂದ ಎರಡು ಮೂರು ಅಡಿ ದೂರದಲ್ಲಿ ನಿಲ್ಲಿಸಬೇಕು. ಮೇಲೆ ಎಲ್ಲ ಜಂತೆಗಳಿಗೂ ಅಡ್ಡಲಾಗಿ ಒಂದು ಗಟ್ಟಿ ತೊಲೆ, ಕೆಳಗೆ ಅಗಲವಾದ ಹಲಗೆ. ಹಲಗೆ ಇಲ್ಲದೆ ನಿಲ್ಲಿಸಿದರೆ ಕಂಬ ನೆಲದಲ್ಲಿ ಹೂತುಹೋಗುತ್ತದೆ. ಜಾಕಿ ತಿರುಗಿಸಿ ಮಾಡನ್ನು ಮೇಲೆತ್ತಲು ಹೋಗಬೇಡಿ, ಆನಿಕೊಂಡು ಬಿಗಿಯಾದರೆ ಸಾಕು. ತಾರಸಿಯ ಮೇಲೆ ಮರಳು, ಇಟ್ಟಿಗೆ, ನೀರಿನ ಡ್ರಮ್ಮು ಏನಿದ್ದರೂ ಇಳಿಸಿ, ಆದರೆ ಒಡೆದ ಭಾಗದ ಮೇಲೆ ಕಾಲಿಡದೆ. ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ, ಗಂಟೆ ಬರೆಯಿರಿ. ಗೆರೆ ದಾಟಿ ಬೆಳೆದರೆ ಮನೆಯಿಂದ ಎಲ್ಲರೂ ಹೊರಗೆ.

ನಾಳೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ. ದೊಡ್ಡ ಜಾಗದ ಆಸೆ ಬಿಡಬೇಕಾಗಿಲ್ಲ. ಅವರು ಲೆಕ್ಕ ಹಾಕಿ ಉಕ್ಕಿನ ಐ ಬೀಮ್ ಕೊಟ್ಟರೆ, ಅದರ ಎರಡು ತುದಿಗೂ ಕಾಂಕ್ರೀಟ್ ದಿಂಡು ಹಾಕಿ ಕೂರಿಸಿ, ಆಮೇಲೆ ಉಳಿದ ಗೋಡೆ ತೆಗೆಯಬಹುದು. ಕತ್ತಲೆಯ ಮನೆಗೆ ಬೆಳಕು ತರುವ ಆಸೆ ಒಳ್ಳೆಯದೇ. ಆದರೆ ಮೊದಲು ಬೀಮ್, ಆಮೇಲೆ ಸುತ್ತಿಗೆ. ನಾಲ್ಕೂ ಮೂಲೆಯ ಫೋಟೋ ಹಾಕಿ, ಜಂತೆಗಳು ಯಾವ ದಿಕ್ಕಿಗೆ ಓಡುತ್ತವೆ ಎಂಬುದು ಕಾಣಬೇಕು.

ಬೆಂಗಳೂರಿನ ಸದಸ್ಯ: ಇಷ್ಟೊಂದು ಹೆದರಿಸುವುದು ಬೇಡ. ನಾವು ಹೋದ ವರ್ಷ ಎರಡು ಗೋಡೆ ತೆಗೆಸಿದೆವು, ಏನೂ ಆಗಲಿಲ್ಲ.

ವಾಸ್ತುಶಿಲ್ಪಿ: ನಿಮ್ಮ ಮನೆ ಯಾವ ಕಾಲದ್ದು?

ಬೆಂಗಳೂರಿನ ಸದಸ್ಯ: 2004.

ವಾಸ್ತುಶಿಲ್ಪಿ: ಆರ್‌ಸಿಸಿ ಕಂಬ ಮತ್ತು ಬೀಮ್ ಭಾರ ಹೊರುವ ಮನೆ ಇರಬೇಕು. ಅಲ್ಲಿ ಗೋಡೆ ಬರೀ ಅಡ್ಡ. ಇವರ ಮನೆಯಲ್ಲಿ ಗೋಡೆಯೇ ಕಂಬ. ದಯವಿಟ್ಟು ಅವರಿಗೆ ಧೈರ್ಯ ತುಂಬಬೇಡಿ.

ಶಿವಮೊಗ್ಗದ ಸದಸ್ಯೆ: ಮೇಡಂ, ಮಗಳು ಮುಂದಿನ ತಿಂಗಳು ಬಾಣಂತನಕ್ಕೆ ಬರುತ್ತಾಳೆ, ಈಗ ಏಳು ತಿಂಗಳು. ಅವಳ ಕೋಣೆ ಚೆಂದ ಮಾಡಬೇಕೆಂದು ಆಸೆ. ಬಾಗಿಲು, ಕಿಟಕಿಗಳಿಗೆ ನಾಲ್ಕೈದು ಪದರ ಹಳೆಯ ಆಯಿಲ್ ಪೇಂಟ್ ಇದೆ, ಹಸಿರು, ಅದರ ಕೆಳಗೆ ನೀಲಿ. ಅದನ್ನೆಲ್ಲ ಉಜ್ಜಿ ತೆಗೆದು ತೇಗದ ಮರ ಕಾಣುವಂತೆ ಪಾಲಿಶ್ ಮಾಡಿಸುತ್ತಿದ್ದೇವೆ. ಯಾವ ಪಾಲಿಶ್ ಒಳ್ಳೆಯದು?

ತುಮಕೂರಿನ ಸದಸ್ಯ: ಅಕ್ಕ, ನನಗೆ ಬಂದ ಸಂದೇಶ ಇಲ್ಲಿದೆ: ಬ್ಲೋ ಲ್ಯಾಂಪ್ ಹಿಡಿದು ಬಣ್ಣ ಸುಟ್ಟರೆ ಹತ್ತೇ ನಿಮಿಷದಲ್ಲಿ ಸುಲಿದುಬರುತ್ತದೆ, ಖರ್ಚಿಲ್ಲ. ಎಲ್ಲರಿಗೂ ತಲುಪಿಸಿ.

ವಾಸ್ತುಶಿಲ್ಪಿ: ಯಾರಿಗೂ ತಲುಪಿಸಬೇಡಿ. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ (ಲೆಡ್) ಇರುವ ಸಾಧ್ಯತೆ ಬಹಳ. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಸುಟ್ಟರೆ ಸೀಸ ಹೊಗೆಯಾಗಿ ಮೂಗಿಗೆ ಹೋಗುತ್ತದೆ, ಒಣಗಿದ್ದಾಗ ಉಜ್ಜಿದರೆ ಧೂಳಾಗಿ ಇಡೀ ಮನೆಗೆ ಹರಡುತ್ತದೆ. ತಾಯಿಯ ರಕ್ತಕ್ಕೆ ಸೇರಿದ ಸೀಸ ಗರ್ಭದ ಮಗುವಿಗೂ ತಲುಪುತ್ತದೆ, ಬೆಳೆಯುವ ಮಿದುಳಿಗೆ ಅದು ವಿಷ.

ಅಮ್ಮಾ, ಕೈಮುಗಿದು ಕೇಳುತ್ತೇನೆ, ಆ ಬಾಗಿಲು ಉಜ್ಜಿಸಬೇಡಿ. ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಸೋಪಿನ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಪ್ರೈಮರ್ ಬಳಿದು, ಸೀಸವಿಲ್ಲ ಎಂದು ಡಬ್ಬಿಯ ಮೇಲೆ ಬರೆದಿರುವ ಬಣ್ಣ ಹಚ್ಚಿಸಿ. ವಾಸನೆ ಪೂರ್ತಿ ಹೋದ ಮೇಲೆಯೇ ಮಗಳು ಬರಲಿ. ಈಗಾಗಲೇ ಉಜ್ಜಲು ಶುರುಮಾಡಿದ್ದೀರಾ?

ಶಿವಮೊಗ್ಗದ ಸದಸ್ಯೆ: ಒಂದು ಕಿಟಕಿ ಮುಗಿದಿದೆ. ಮೊಮ್ಮಗ ಅಲ್ಲೇ ಆಡುತ್ತಿದ್ದ.

ವಾಸ್ತುಶಿಲ್ಪಿ: ಗುಡಿಸಬೇಡಿ, ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ ಎಸೆಯಿರಿ. ಹಾಸಿಗೆ, ಪರದೆಗಳನ್ನು ಬೇರೆ ಕೋಣೆಗೆ ಒಯ್ಯುವ ಮೊದಲು ಒಗೆಯಿರಿ. ಮಗುವಿನ ಕೈ ತೊಳೆಸಿ, ಮಕ್ಕಳ ವೈದ್ಯರಿಗೆ ವಿಷಯ ತಿಳಿಸಿ. ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ಅವರು ಹೇಳುತ್ತಾರೆ. ಮಗಳ ಬಾಣಂತನ ಮುಗಿದು ಅವಳು ಹೊರಟ ಮೇಲೆ ಬೇಕಾದರೆ ಬಾಗಿಲನ್ನು ಕಳಚಿ, ಮನೆಯಿಂದ ದೂರ ಒಯ್ದು, ನೀರು ಚಿಮುಕಿಸುತ್ತಾ ಉಜ್ಜಿಸಿ. ಕೆಲಸದವರಿಗೂ ಒಳ್ಳೆಯ ಮುಖಗವಸು ಕೊಡಿಸಿ. ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಹುಬ್ಬಳ್ಳಿಯ ಸದಸ್ಯ: ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಬರುತ್ತದೆ, ಬಣ್ಣ ಪದರಪದರವಾಗಿ ಏಳುತ್ತದೆ. ಎರಡು ಸಲ ವಾಟರ್‌ಪ್ರೂಫ್ ಬಣ್ಣ ಹೊಡೆಸಿದೆ.

ವಾಸ್ತುಶಿಲ್ಪಿ: ಹಳೆಯ ಗೋಡೆ ನೆಲದ ತೇವವನ್ನು ಹೀರುತ್ತದೆ. ಸುಣ್ಣದ ಗಿಲಾವು ಇದ್ದರೆ ತೇವ ಆರಿಹೋಗುತ್ತದೆ. ಸಿಮೆಂಟು ಗಿಲಾವು, ಪ್ಲಾಸ್ಟಿಕ್ ಬಣ್ಣ ಹೊದಿಸಿದರೆ ದಾರಿ ಮುಚ್ಚಿ ಇನ್ನೂ ಮೇಲಕ್ಕೆ ಏರುತ್ತದೆ. ಬಣ್ಣ ಕೆರೆದು, ಬುಡದ ಸಿಮೆಂಟು ತೆಗೆಸಿ, ಸುಣ್ಣದ ಗಿಲಾವು ಹಾಕಿಸಿ, ಸುಣ್ಣ ಬಳಿಯಿರಿ. ಹೊರಗೆ ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡಿ. ಬಣ್ಣ 2017ಕ್ಕಿಂತ ಹಳೆಯದಾಗಿದ್ದರೆ ಮೇಲೆ ಸೀಸದ ಬಗ್ಗೆ ಬರೆದದ್ದನ್ನು ಓದಿಯೇ ಕೆರೆಸಿ.

ಗದಗದ ಸದಸ್ಯ: ನಮ್ಮ ಗೋಡೆಯಲ್ಲೂ ಉಪ್ಪು ಬರುತ್ತದೆ, ಯಾವ ಬಣ್ಣ ಹೊಡೆಸಬೇಕು?

ವಾಸ್ತುಶಿಲ್ಪಿ: ಈಗಷ್ಟೇ ಬರೆದಿದ್ದೇನೆ.

ತುಮಕೂರಿನ ಸದಸ್ಯ: ಗೆದ್ದಲಿಗೆ ಸೀಮೆಎಣ್ಣೆ ಮತ್ತು ಕಲ್ಲುಪ್ಪು ಬೆರೆಸಿ ತೊಲೆಗಳಿಗೆ ಸುರಿದರೆ ಸಾಕಂತೆ.

ವಾಸ್ತುಶಿಲ್ಪಿ: ಮರದ ಪಟ್ಟಿಯೊಳಗೆ ಹಳೆಯ ವೈರು ಓಡುವ ಮನೆಯಲ್ಲಿ ತೊಲೆಗೆ ಸೀಮೆಎಣ್ಣೆ ಸುರಿಯುತ್ತೀರಾ? ಒಂದು ಕಿಡಿ ಸಾಕು. ಗೆದ್ದಲು ಮಣ್ಣಿನಿಂದ ಬರುತ್ತದೆ. ಗೋಡೆ ಮತ್ತು ನೆಲ ಸೇರುವಲ್ಲಿ ಅಡಿಗೊಂದರಂತೆ ತೂತು ಕೊರೆದು ಔಷಧಿ ಇಳಿಸುವ ಪದ್ಧತಿ ಇದೆ, ಬಲ್ಲವರಿಂದ ಮಾಡಿಸಿ. ನಿಮ್ಮ ಫಾರ್ವರ್ಡ್ ಇದು ಎರಡನೆಯದು. ಮೂರನೆಯದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ದುಬೈನಿಂದ ಸದಸ್ಯ: ತೀರ್ಥಹಳ್ಳಿ ಹತ್ತಿರ ನಮ್ಮ ತೊಟ್ಟಿ ಮನೆ. ತೊಟ್ಟಿಯ ಮೇಲೆ ಗಾಜು ಹಾಕಿ ಮುಚ್ಚಿ, ಕೆಳಗೆ ಸೋಫಾ ಇಟ್ಟು, ಎಸಿ ಹಾಕಿಸಬೇಕೆಂದಿದ್ದೇನೆ. ಹಣದ ತೊಂದರೆ ಇಲ್ಲ.

ತೀರ್ಥಹಳ್ಳಿಯ ಸದಸ್ಯೆ: ಮೇಡಂ, ಇವನು ನನ್ನ ಅಣ್ಣ. ಅಮ್ಮನ ಜೊತೆ ಆ ಮನೆಯಲ್ಲಿ ಇರುವವಳು ನಾನು. ತೊಟ್ಟಿ ಮುಚ್ಚಿದರೆ ಅಮ್ಮ ಹಪ್ಪಳ ಎಲ್ಲಿ ಒಣಗಿಸಬೇಕು?

ದುಬೈನಿಂದ ಸದಸ್ಯ: ಹಪ್ಪಳ ಅಂಗಡಿಯಲ್ಲಿ ಸಿಗುತ್ತದೆ. ಮಂಗಗಳು ತೊಟ್ಟಿಗೆ ಇಳಿದು ಪಾತ್ರೆ ಎಳೆದೊಯ್ಯುತ್ತವೆ ಎಂದು ಫೋನಿನಲ್ಲಿ ಅತ್ತವಳು ನೀನೇ ಅಲ್ಲವೇ?

ತೀರ್ಥಹಳ್ಳಿಯ ಸದಸ್ಯೆ: ಮಂಗಕ್ಕೆ ಜಾಲರಿ ಕೇಳಿದೆ, ಗಾಜು ಕೇಳಲಿಲ್ಲ. ವರ್ಷಕ್ಕೆ ಹದಿನೈದು ದಿನ ಬರುವವನಿಗೆ ಎಸಿ, ಉಳಿದ ದಿನ ನಮಗೆ ಬೇಗೆ.

ಉಡುಪಿಯ ಸದಸ್ಯ: ಹಣ ಹಾಕುವವರ ಮಾತಿಗೂ ಬೆಲೆ ಬೇಕಲ್ಲವೇ?

ಸಾಗರದ ಸದಸ್ಯೆ: ಅಲ್ಲಿ ಸಗಣಿ ಸಾರಿಸಿ, ಹೆಂಚು ಕೈಯಾಡಿಸಿ ಮನೆ ಕಾದವರದ್ದು ಹಣವಲ್ಲವೇ?

ವಾಸ್ತುಶಿಲ್ಪಿ: ಕಟ್ಟಡದ ಮಾತಿಗೆ ಬನ್ನಿ. ಬಿಸಿಗಾಳಿ ಮೇಲೆದ್ದು ಹೊರಗೆ ಹೋಗುವ ದಾರಿ ತೊಟ್ಟಿ. ಗಾಜು ಹಾಕಿದರೆ ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ, ಮಳೆಗಾಲದಲ್ಲಿ ತೇವ ಹೊರಹೋಗದೆ ಕಂಬಗಳಿಗೆ, ಅವುಗಳ ತಲೆಯ ಬೋದಿಗೆಗಳಿಗೆ ಬೂಷ್ಟು ಹಿಡಿಯುತ್ತದೆ. ಮಂಗಕ್ಕೆ ಗಟ್ಟಿ ಜಾಲರಿ ಸಾಕು. ಇರಚಲು ತಡೆಯಲೇಬೇಕೆಂದರೆ ಹೆಂಚಿನ ಅಂಚಿಗಿಂತ ಒಂದೂವರೆ, ಎರಡು ಅಡಿ ಎತ್ತರದಲ್ಲಿ ಪಾರದರ್ಶಕ ಮಾಡು ನಿಲ್ಲಿಸಿ, ನಾಲ್ಕೂ ಕಡೆ ಗಾಳಿಗೆ ತೆರೆದಿರಲಿ. ಬಿಸಿಲೂ ಬೀಳುತ್ತದೆ, ಹಪ್ಪಳವೂ ಒಣಗುತ್ತದೆ. ಎಸಿ ನಿಮ್ಮ ಕೋಣೆಗೆ ಹಾಕಿಸಿಕೊಳ್ಳಿ. ಅದಕ್ಕೂ ಮೊದಲು ಇಡೀ ಮನೆಯ ವೈರು ಬದಲಾಯಿಸಿ, ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂರಿಸಿ.

ದುಬೈನಿಂದ ಸದಸ್ಯ: ನೀವೂ ಅವಳ ಪರ.

ವಾಸ್ತುಶಿಲ್ಪಿ: ನಾನು ಮನೆಯ ಪರ.

ದಾವಣಗೆರೆಯ ಸದಸ್ಯ: ತೊಟ್ಟಿ ಎಂದರೆ ಬ್ರಹ್ಮಸ್ಥಾನ, ಮುಚ್ಚಿದರೆ ಮನೆಯ ಹಿರಿಯರಿಗೆ ಕೆಡುಕು. ಈ ಮೇಡಂಗೆ ವಾಸ್ತು ಗೊತ್ತಿಲ್ಲ.

ಉಡುಪಿಯ ಸದಸ್ಯ: ಇಲ್ಲಿ ವಾಸ್ತು ಯಾರು ಕೇಳಿದರು? ಮೈಸೂರಿನವರ ತಲೆಯ ಮೇಲೆ ಮಾಡು ನಿಂತಿದೆಯೋ ಇಲ್ಲವೋ ನೋಡಿ.

ದಾವಣಗೆರೆಯ ಸದಸ್ಯ: ನಂಬಿಕೆ ಇಲ್ಲದವರು ಸುಮ್ಮನಿರಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಮೈಸೂರಿನ ಸದಸ್ಯ: ಮೇಡಂ, ಎಂಟು ಜಾಕಿ ನಿಲ್ಲಿಸಿದ್ದೇವೆ. ಅಪ್ಪ ಅಮ್ಮನನ್ನು ಚಿಕ್ಕಪ್ಪನ ಮನೆಗೆ ಕಳುಹಿಸಿದೆ. ಇಂಜಿನಿಯರ್ ನಾಳೆ ಬೆಳಿಗ್ಗೆ ಬರುತ್ತಾರೆ. ಫೋಟೋ ಹಾಕಿದ್ದೇನೆ. ಮೇಸ್ತ್ರಿ ಸಿಟ್ಟಾಗಿದ್ದಾರೆ.

ವಾಸ್ತುಶಿಲ್ಪಿ: ಆಗಲಿ. ಎರಡನೆಯ ಫೋಟೋದಲ್ಲಿ ಎಡದಿಂದ ಮೂರನೆಯ ಜಂತೆ ಗೋಡೆಗೆ ಸೇರುವ ಜಾಗ ಕಪ್ಪಗಿದೆ. ಅದು ಹೊಗೆಯ ಮಸಿಯೋ, ನೀರಿಳಿದು ಕೊಳೆತದ್ದೋ ನೋಡಬೇಕು. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಮೆತ್ತಗೆ ಒಳಹೋಗುತ್ತದೆ ಎಂದಾದರೆ ಆ ಜಂತೆ ಕೆಲಸಕ್ಕೆ ಬಾರದು. ನೀವು ಹತ್ತಬೇಡಿ, ನಾಳೆ ಇಂಜಿನಿಯರಿಗೇ ತೋರಿಸಿ. ತಾರಸಿಯ ಮೇಲೆ ಹೊಸ ಟೈಲ್ಸ್ ಹಾಕಿಸುವ ಯೋಚನೆ ಇದ್ದರೆ ಅದನ್ನೂ ಅವರಿಗೆ ಹೇಳಿ. ಎರಡು ಇಂಚು ಗಾರೆಯ ಮೇಲೆ ಟೈಲ್ಸ್ ಕೂರಿಸಿದರೆ ನೂರು ಚದರ ಅಡಿಗೆ ಒಂದು ಟನ್ನಿಗೂ ಹೆಚ್ಚು ಭಾರ ಸೇರುತ್ತದೆ.

ಮಂಡ್ಯದ ಸದಸ್ಯ: ಹಳೆಯ ಮನೆ ಪೂರ್ತಿ ಹೊಸದು ಮಾಡಲು ಚದರ ಅಡಿಗೆ ಎಷ್ಟಾಗುತ್ತದೆ? ಮಧ್ಯಾಹ್ನದಿಂದ ಕೇಳುತ್ತಿದ್ದೇನೆ.

ಗದಗದ ಸದಸ್ಯ: ಸುಣ್ಣದ ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಸಬಹುದೇ?

ವಾಸ್ತುಶಿಲ್ಪಿ: ಬೇಡ.

ತುಮಕೂರಿನ ಸದಸ್ಯ: ರೆಡ್ ಆಕ್ಸೈಡ್ ನೆಲಕ್ಕೆ ಆಸಿಡ್ ಮತ್ತು ನಿಂಬೆಹಣ್ಣು ಹಾಕಿ ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ, ತಪ್ಪದೆ ಎಲ್ಲರಿಗೂ ಕಳುಹಿಸಿ.

ಹಾಸನದ ಸದಸ್ಯೆ: ದಯವಿಟ್ಟು ಅದನ್ನು ಅಳಿಸಿ. ನಮ್ಮ ಮನೆಯವರೂ ಈ ಗುಂಪಿನಲ್ಲಿದ್ದಾರೆ.