ಪಾಯಿಂಟ್ ಮೇಲೆ ಬಂದಾಗಲೆಲ್ಲ ನಿಲ್ಲುವ ಟ್ಯಾಂಕ್ ಎಂಜಿನ್

ಬಳ್ಳಾರಿಗುಡ್ಡ:
ನಮಸ್ಕಾರ. ನನ್ನ ಹತ್ತಿರ 00 ಸ್ಕೇಲಿನ (ನಿಜದ ಒಂದು ಅಡಿಗೆ 4 ಮಿ.ಮೀ.) ಹಳೆಯ ಮಾಡೆಲ್ ರೈಲು ಎಂಜಿನ್ ಇದೆ, ಪ್ಯಾನಿಯರ್ ಟ್ಯಾಂಕ್, ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ 5700 ಕ್ಲಾಸ್. ಬಾಯ್ಲರಿನ ಎರಡೂ ಪಕ್ಕ ನೀರಿನ ಟ್ಯಾಂಕು, ಕತ್ತೆ ಬೆನ್ನಿಗೆ ಹೇರಿದ ಬಟ್ಟೆಗಂಟಿನ ಹಾಗೆ. ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಹಿಂದಿನ ಗಾಡಿ) ಇಲ್ಲ, ಕಲ್ಲಿದ್ದಲು ಕ್ಯಾಬಿನ ಹಿಂದೆಯೇ. ಎಷ್ಟು ನೋಡಿದರೂ ಸಾಲದು ನನಗೆ.

ನೇರ ಹಳಿಯಲ್ಲಿ ಚೆನ್ನಾಗಿ ಓಡುತ್ತದೆ. ನಿಧಾನಕ್ಕೆ ಪಾಯಿಂಟ್, ಅಂದ್ರೆ ಹಳಿ ಎರಡಾಗಿ ಕವಲೊಡೆಯುವ ಜಾಗ, ದಾಟುವಾಗ ಗಕ್ಕನೆ ನಿಲ್ಲುತ್ತದೆ. ಬೆರಳಲ್ಲಿ ಚೂರು ತಳ್ಳಿದರೆ ಮತ್ತೆ ಹೊರಡುತ್ತದೆ. ಹಳಿಗೆ ಕರೆಂಟ್ ಕೊಡೋದು 12 ವೋಲ್ಟ್ ಡಿಸಿ ಕಂಟ್ರೋಲರ್, ಡಿಕೋಡರ್ (ಡಿಜಿಟಲ್ ಆಗಿ ಎಂಜಿನ್ ನಡೆಸುವ ಚಿಪ್) ಹಾಕಿಲ್ಲ. ಹೋದ ತಿಂಗಳು ಜೀನ್ಸ್ ಹೊಲಿಯುವ ಗೆಳೆಯನಿಂದ ಮಿಷನ್ ಎಣ್ಣೆ ತಂದು ಗೇರಿಗೆ ಬಿಟ್ಟಿದ್ದೆ. ಮೋಟರ್ ಹೋಯ್ತಾ?

ರಾಯಚೂರು ಹಳಿ:
ಮೋಟರ್ ಚೆನ್ನಾಗಿದೆ. ತಳ್ಳಿದರೆ ಹೊರಡುತ್ತದೆ ಅಂದ್ರೆ ಹಳಿಯಿಂದ ಗಾಲಿ ಮೂಲಕ ಮೋಟರಿಗೆ ಕರೆಂಟ್ ತಲುಪುತ್ತಿಲ್ಲ. ನಿಮ್ಮ ಪಾಯಿಂಟಿನ ಫ್ರಾಗ್ (ಎರಡು ಹಳಿ ಒಂದನ್ನೊಂದು ದಾಟುವ ತುಂಡು) ಪ್ಲಾಸ್ಟಿಕ್ಕಿನದು ಅಲ್ವಾ? ಅಲ್ಲಿ ಗಾಲಿಗೆ ಕರೆಂಟ್ ಸಿಗಲ್ಲ. ನಿಜವಾದ ಎಂಜಿನ್ನಿನ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 15 ಅಡಿ 6 ಇಂಚು. ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ ಮಾಡೆಲಿನಲ್ಲಿ ಬರೀ 62 ಮಿ.ಮೀ. ಆರೂ ಗಾಲಿ ಕರೆಂಟ್ ಎತ್ತಿದರೆ ಆರಾಮಾಗಿ ದಾಟುತ್ತದೆ. ಒಂದು ಕೈಕೊಟ್ಟರೆ ಅಲ್ಲೇ ನಿಲ್ಲುತ್ತದೆ.

ಎಂಜಿನ್ ಬೋರಲು ಮಾಡಿ, ಮೆತ್ತನೆ ಬಟ್ಟೆ ಮೇಲೆ ಇಡಿ. ಕಂಟ್ರೋಲರಿನ ಒಂದು ತಂತಿಯನ್ನು ಎಡಗಡೆ ಗಾಲಿಗೆ ಹಿಡಿದು, ಇನ್ನೊಂದನ್ನು ಬಲಗಡೆ ಒಂದೊಂದೇ ಗಾಲಿಗೆ ಮುಟ್ಟಿಸಿ. ಆಮೇಲೆ ಎಡಕ್ಕೂ ಹಾಗೇ. ರಬ್ಬರ್ ಪಟ್ಟಿ ಇರೋ ಗಾಲಿಯಿಂದ ಕರೆಂಟ್ ಬರಲ್ಲ, ಅದನ್ನು ಬಿಡಿ.

ಬಳ್ಳಾರಿಗುಡ್ಡ:
ಬಲಗಡೆ ಮುಂದಿನ ಗಾಲಿಗೆ ಮುಟ್ಟಿಸಿದರೆ ಸದ್ದೇ ಇಲ್ಲ! ಅಡಿಯ ತಟ್ಟೆ ಬಿಚ್ಚಿದೆ. ಕರೆಂಟ್ ಎತ್ತೋಕೆ ಗಾಲಿಯ ಬೆನ್ನಿಗೆ ಒರಗುವ ತೆಳು ಕಂಚಿನ ಪಟ್ಟಿ ಮೇಲೆ ಕೆಂಪು-ಕಪ್ಪು ಅಂಟು, ಒಣಗಿದ ಕುಂಕುಮದ ಹಾಗೆ. ನಮ್ಮ ಮನೆ ಸಂಡೂರು ರಸ್ತೆಗೆ ಹತ್ತಿರ. ಅದಿರಿನ ಧೂಳು ಕಿಟಕಿ ಹಾಕಿದರೂ ಬರುತ್ತದೆ.

ರಾಯಚೂರು ಹಳಿ:
ಅದೇ. ಎಣ್ಣೆ ಜಾಸ್ತಿಯಾಗಿ ಗಾಲಿಗೆ ಹರಿದಿದೆ, ಧೂಳು ಅದಕ್ಕೆ ಹಿಡಿದಿದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಕರೆಂಟ್ ತೆಗೆದು, ಹತ್ತಿ ಕಡ್ಡಿಯಿಂದ ಒರೆಸಿ. ಉಪ್ಪುಕಾಗದ ಬೇಡವೇ ಬೇಡ, ಗೀರಿನಲ್ಲಿ ಕೊಳೆ ಕೂರುತ್ತದೆ. ಥಿನ್ನರ್ ಪ್ಲಾಸ್ಟಿಕ್ ಕರಗಿಸುತ್ತದೆ. ಪಟ್ಟಿಯನ್ನು ಚಿಮಟದಿಂದ ಕೂದಲೆಳೆಯಷ್ಟು ಬಗ್ಗಿಸಿ ಗಾಲಿಗೆ ತಾಗಿಸಿ. ಗಟ್ಟಿಯಾಗಿ ಒತ್ತಿದರೆ ಬ್ರೇಕ್ ಹಾಕಿದ ಹಾಗೆ ಆಗುತ್ತದೆ. ಇನ್ಮೇಲೆ ಎಣ್ಣೆ ಸೂಜಿ ತುದಿಯಲ್ಲಿ ಒಂದು ಹನಿ, ಅಷ್ಟೇ.

ಬಳ್ಳಾರಿಗುಡ್ಡ:
ಆಯ್ತು ಸರ್! ಮೂರು ಬೋಗಿ ಕಟ್ಟಿಕೊಂಡು ಇರುವೆ ನಡಿಗೆಯಲ್ಲಿ ಪಾಯಿಂಟ್ ದಾಟಿತು. ಹಳಿಗಳನ್ನೂ ಒರೆಸಿದೆ, ಮೂರು ಹತ್ತಿ ಕಡ್ಡಿ ಕೆಂಪಾದವು. ಓಡಿಸದಾಗ ಮುಚ್ಚೋಕೆ ಅಮ್ಮ ಹಳೇ ಸೀರೆ ಕೊಟ್ಟಿದ್ದಾರೆ.